ಟೂರ್ ದ ಫ್ರಾನ್ಸ್ ಕೊನೇ ಸ್ಟೇಜ್‌ಗೆ ಯಾವ ಬೆಟ್ ಸರಿ: ವಿನ್, ಈಚ್-ವೇ, ಹೆಡ್-ಟು-ಹೆಡ್, ಲೈವ್ ಎಲ್ಲಾ ಹಾಕಿ ನೋಡಿದ್ಮೇಲೆ

ಮೂರು ವಾರದ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನ ಕೊನೇ ದಿನ, ಅಂದ್ರೆ ಪ್ಯಾರಿಸ್ ಸ್ಟೇಜ್, ಹತ್ರ ಬಂತು ಅಂದ್ರೆ ಎಲ್ರೂ ಕೇಳೋದು ಒಂದೇ, "ಯಾರು ಗೆಲ್ತಾರೆ ಹೇಳಿ ಗುರು". ನಾನು ತಿರುಗಿ ಕೇಳೋದು, ಯಾವ ಥರ ಬೆಟ್ ಹಾಕ್ತಿದೀರಾ ಅಂತ. ಯಾಕಂದ್ರೆ ಒಂದೇ ರೈಡರ್ ಮೇಲೆ ಮೂರು ಜನ ಮೂರು ಥರ ಹಾಕಿದ್ರೆ ಒಬ್ರಿಗೆ ಪೂರ್ತಿ ದುಡ್ಡು ಹೋಗುತ್ತೆ, ಒಬ್ರಿಗೆ ಚೆನ್ನಾಗಿ ಲಾಭ ಆಗುತ್ತೆ, ಇನ್ನೊಬ್ರಿಗೆ ಹಾಕಿದ್ದು ವಾಪಸ್ ಬಂದಂಗೆ ಆಗುತ್ತೆ, ರೇಸ್ ಮಾತ್ರ ಅದೇ. ನಾನು ಇಂಗ್ಲೆಂಡಲ್ಲಿ ಇರೋದು, ಇಲ್ಲಿ 18 ಆದೋರಿಗೆ ಇದು ಕಾನೂನುಬದ್ಧ. ಊರಲ್ಲಿರೋರಿಗೆ ಮೊದಲೇ ಹೇಳ್ಬಿಡ್ತೀನಿ, 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ್ಮೇಲೆ ಭಾರತದಲ್ಲಿ ದುಡ್ಡಿಟ್ಟು ಆನ್‌ಲೈನ್ ಆಡೋದು ನಿಷಿದ್ಧ, ಹಾಗಾಗಿ ಇದನ್ನ ರೇಸ್ ಅರ್ಥ ಮಾಡ್ಕೊಳ್ಳೋಕೆ ಓದಿ, ಯಾವುದೋ ಆ್ಯಪ್ ಹುಡುಕೋಕೆ ಹೋಗ್ಬೇಡಿ.

ಮೊದಲು ಸ್ಟೇಜ್ ಬಗ್ಗೆ. 1975ರಿಂದ ಟೂರ್ ಮುಗಿಯೋದು ಪ್ಯಾರಿಸ್‌ನ ಶಾಂಜೆಲಿಜೆ ರೋಡಲ್ಲಿ. ಹಳದಿ ಜರ್ಸಿ ಹಾಕಿದೋನ (ಒಟ್ಟು ಟೈಮಲ್ಲಿ ಮೊದಲು ಇರೋನು) ಮೇಲೆ ಆವತ್ತು ಯಾರೂ ಅಟ್ಯಾಕ್ ಮಾಡಲ್ಲ ಅನ್ನೋದು ಸಂಪ್ರದಾಯ, ಅರ್ಧ ದಾರಿ ಫೋಟೋ, ಶಾಂಪೇನ್ ಗ್ಲಾಸು, ಆಮೇಲೆ ಪ್ಯಾರಿಸ್ ಒಳಗೆ ಕಲ್ಲು ಹಾಸಿದ ರೋಡಲ್ಲಿ ಸುತ್ತು ಹೊಡ್ದು ಕೊನೆಗೆ ಸ್ಪ್ರಿಂಟ್. 2005ರಲ್ಲಿ ವಿನೊಕುರೊವ್ ಕೊನೇಲಿ ಅಟ್ಯಾಕ್ ಮಾಡಿ ಗೆದ್ದಿದ್ದು ಬಿಟ್ರೆ ಆಮೇಲೆ 2023ರ ತನಕ ಎಲ್ಲಾ ವರ್ಷನೂ ಗುಂಪಿನ ಸ್ಪ್ರಿಂಟೇ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಇದ್ದಿದ್ದರಿಂದ ನೀಸ್‌ನಲ್ಲಿ ಟೈಮ್ ಟ್ರಯಲ್ (ಒಬ್ಬೊಬ್ರೇ ಗಡಿಯಾರದ ವಿರುದ್ಧ ಓಡ್ಸೋದು, ಟಿಟಿ) ಇಟ್ರು. 2025ರಲ್ಲಿ ಮೊಂಮಾರ್ತ್ ಗುಡ್ಡ ಸೇರಿಸಿಬಿಟ್ರು, ಒಲಿಂಪಿಕ್ಸ್ ರೋಡ್ ರೇಸಲ್ಲಿ ಅಲ್ಲಿ ಸೇರಿದ ಜನ ನೋಡಿ ಬಂದ ಐಡಿಯಾ ಅದು. 1.1 ಕಿಮೀ, ಸುಮಾರು 5.9 ಪರ್ಸೆಂಟ್ ಏರು, ಮೂರು ಸಲ. ನಂದಿ ಬೆಟ್ಟ ಹತ್ತೋ ಬೆಂಗ್ಳೂರು ಸೈಕ್ಲಿಸ್ಟ್‌ಗಳಿಗೆ ಇದೇನು ಏರು ಅನ್ನಿಸ್ಬೋದು, ಆದ್ರೆ ಮೂರು ವಾರ ರೇಸ್ ಮಾಡಿ ಕಾಲು ಸೋತಿರೋ 75-80 ಕೆಜಿ ಸ್ಪ್ರಿಂಟರ್‌ನ ಕಿರಿದಾದ ಕಲ್ಲಿನ ರೋಡಲ್ಲಿ, ಮಳೇಲಿ, ಪೊಗಾಚರ್ ಸ್ಪೀಡಲ್ಲಿ ಮೂರು ಸಲ ಹತ್ತಿಸಿದ್ರೆ ಅವನು ಹಿಂದೆ ಉಳಿಯೋದು ಗ್ಯಾರಂಟಿ. ಹಂಗೇ ಆಯ್ತು.

ಈಗ ವಿನ್ ಬೆಟ್. ಇದು ಎಲ್ರೂ ಮೊದಲು ಹಾಕೋದು, ನಾನೂ ಶುರು ಮಾಡಿದ್ದು ಇದರಿಂದಾನೇ. ಖುಷಿ ಇದರಲ್ಲೇ ಜಾಸ್ತಿ, ಲೆಕ್ಕ ಮಾತ್ರ ನಮ್ ಕಡೆ ಇರಲ್ಲ. ಸ್ಪ್ರಿಂಟ್ ಅಂದ್ರೆ ಕೊನೇ 300 ಮೀಟರಲ್ಲಿ ಯಾರ ಚಕ್ರದ ಹಿಂದೆ ಇದ್ದೆ, ಗ್ಯಾಪ್ ಸಿಕ್ತಾ ಇಲ್ವಾ ಅನ್ನೋದು, ಅದನ್ನ ಶನಿವಾರ ರಾತ್ರಿ ಕೂತು ಯಾರೂ ಹೇಳಕ್ಕಾಗಲ್ಲ. 2023 ತಗೊಳ್ಳಿ: ಫಿಲಿಪ್ಸನ್ ಆ ಟೂರಲ್ಲಿ ಆಗ್ಲೇ ನಾಲ್ಕು ಸ್ಟೇಜ್ ಗೆದ್ದಿದ್ದ, ಪಾಯಿಂಟ್ಸ್‌ನಲ್ಲಿ ಮೊದಲು ಇರೋನಿಗೆ ಕೊಡೋ ಹಸಿರು ಜರ್ಸಿ ಮೈಮೇಲಿತ್ತು, ಹಿಂದಿನ ವರ್ಷ ಪ್ಯಾರಿಸ್ ಕೂಡ ಅವನದೇ, ಇದಕ್ಕಿಂತ ದೊಡ್ಡ ಫೇವರಿಟ್ ಸಿಗಲ್ಲ. ಗೆದ್ದಿದ್ದು ಜೋರ್ಡಿ ಮೇಯುಸ್, ಫೋಟೋ ಫಿನಿಶಲ್ಲಿ, ಮೊದಲ ನಾಲ್ಕು ಜನ ಹೆಚ್ಚುಕಮ್ಮಿ ಒಂದೇ ಗೆರೆ ಮೇಲಿದ್ರು. ಫಿಲಿಪ್ಸನ್ ಎರಡನೇದು. ವಿನ್ ಬೆಟ್ ಹಾಕಿದೋರಿಗೆ ಸೆಂಟಿಮೀಟರ್ ಲೆಕ್ಕದಲ್ಲಿ ಸೋತಿದ್ದಕ್ಕೂ ಮಧ್ಯದಲ್ಲೇ ರೇಸ್ ಬಿಟ್ಟು ಹೋಗಿದ್ದಕ್ಕೂ ಏನೂ ವ್ಯತ್ಯಾಸ ಇಲ್ಲ, ಎರಡರಲ್ಲೂ ಸೊನ್ನೆ.

ಇನ್ನೊಂದು, ಬೆಟ್ಟಿಂಗ್ ಕಂಪನಿಯೋರ ಕಮಾಯಿ. ಆಡ್ಸ್ ಅಂದ್ರೆ ಗೆದ್ರೆ ಎಷ್ಟು ಸಿಗುತ್ತೆ ಅನ್ನೋ ದರ, ಡೆಸಿಮಲಲ್ಲಿ ಅದು ಹಾಕಿದ್ದರ ಎಷ್ಟು ಪಟ್ಟು ವಾಪಸ್ ಬರುತ್ತೆ ಅಂತ. ಡೆಸಿಮಲ್ ಆಡ್ಸ್‌ನಲ್ಲಿ ಒಂದನ್ನ ಆ ನಂಬರಿಂದ ಭಾಗಿಸಿದ್ರೆ ಅವರು ಹೇಳ್ತಿರೋ ಚಾನ್ಸ್ ಎಷ್ಟು ಅಂತ ಬರುತ್ತೆ, 2.5 ಅಂದ್ರೆ 40 ಪರ್ಸೆಂಟ್. ಲಿಸ್ಟಲ್ಲಿರೋ ಎಲ್ಲಾ ರೈಡರ್‌ಗಳದ್ದೂ ಹಂಗೇ ಮಾಡಿ ಕೂಡಿಸಿ, 100 ದಾಟಿ ಎಷ್ಟು ಹೋಗುತ್ತೋ ಅದು ಅವರ ಜೇಬಿಗೆ. ಇಪ್ಪತ್ತು ಮೂವತ್ತು ಹೆಸರಿರೋ ಸ್ಟೇಜ್ ವಿನ್ನರ್ ಮಾರ್ಕೆಟಲ್ಲಿ ಈ ಹೆಚ್ಚುವರಿ ತುಂಬಾ ದಪ್ಪ ಇರುತ್ತೆ, ಯಾಕಂದ್ರೆ ಗೆಲ್ಲೋ ಸಾಧ್ಯತೆನೇ ಇಲ್ಲದೋರ ಮೇಲೂ ಒಂಚೂರು ಒಂಚೂರು ಸೇರಿಸಿರ್ತಾರೆ. ಇದನ್ನ ಒಂದ್ಸಲ ಪೇಪರ್ ಮೇಲೆ ಕೂಡಿಸಿ ನೋಡಿದೋರು ಆಮೇಲೆ ಕಣ್ಮುಚ್ಚಿ ವಿನ್ ಬೆಟ್ ಹಾಕಲ್ಲ.

ವಿನ್ ಬೆಟ್ ನಾನು ಒಪ್ಪೋದು ಒಂದೇ ಕಡೆ, ಕೊನೇ ಸ್ಟೇಜ್ ಟೈಮ್ ಟ್ರಯಲ್ ಆದಾಗ. ಅಲ್ಲಿ ಚಕ್ರದ ಹಿಂದೆ ಅಡಗೋಕೆ ಆಗಲ್ಲ, ಕಾಲಲ್ಲಿ ಇರೋದೇ ಟೈಮಲ್ಲಿ ಬರೋದು. 2024ರಲ್ಲಿ ಮೊನಾಕೊ ಟು ನೀಸ್ ಪೊಗಾಚರ್, ವಿಂಗೆಗೋರ್, ಎವೆನಪೂಲ್ ಅಂತ ಬಂದ್ರು, ಟೂರ್‌ನ ಒಟ್ಟು ಪಟ್ಟಿಯ ಮೊದಲ ಮೂವರೂ ಅದೇ ಕ್ರಮದಲ್ಲಿ. ಹಂಗಂತ ಟಿಟಿನೂ ಪೂರ್ತಿ ನಂಬೋಹಂಗಿಲ್ಲ, 1989ರಲ್ಲಿ ವೆರ್ಸಾಯ್‌ಯಿಂದ ಪ್ಯಾರಿಸ್‌ಗೆ 24.5 ಕಿಮೀಲಿ ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದೋನು ಫಿನ್ಯೋನ್‌ನ ಹಿಂದಾಕಿ ಬರೀ 8 ಸೆಕೆಂಡಲ್ಲಿ ಇಡೀ ಟೂರೇ ಗೆದ್ದ.

ಈಚ್-ವೇಗೆ ಬರ್ತೀನಿ. ಗೊತ್ತಿಲ್ಲದೋರಿಗೆ: ನಿಮ್ಮ ದುಡ್ಡು ಎರಡು ಭಾಗ ಆಗುತ್ತೆ, ಅರ್ಧ ಗೆಲುವಿಗೆ, ಅರ್ಧ ಮೊದಲ ಮೂರರಲ್ಲಿ ಬರೋಕೆ. ಮೊದಲ ಮೂರಕ್ಕೆ ಸಾಮಾನ್ಯವಾಗಿ ಕಾಲು ಭಾಗದ ಆಡ್ಸ್ ಕೊಡ್ತಾರೆ. 20ಕ್ಕೆ 1 (1 ಪೌಂಡ್‌ಗೆ 20 ಪೌಂಡ್ ಲಾಭ) ಇರೋ ರೈಡರ್ ಮೇಲೆ 5 ಪೌಂಡ್ ಈಚ್-ವೇ ಅಂದ್ರೆ ಖರ್ಚು 10 ಪೌಂಡ್, ಅವನು ಮೂರನೇ ಬಂದ್ರೂ 30 ಪೌಂಡ್ ಕೈಗೆ ಬರುತ್ತೆ. ಆದ್ರೆ 2ಕ್ಕೆ 1 ಇರೋ ಫೇವರಿಟ್ ಮೇಲೆ ಅದೇ 10 ಪೌಂಡ್ ಹಾಕಿ ಅವನು ಎರಡನೇ ಬಂದ್ರೆ ಸಿಗೋದು 7.50, ಅಂದ್ರೆ ನೀವು ಸರಿಯಾಗೇ ಊಹೆ ಮಾಡಿದ್ರೂ ನಷ್ಟ. 4ಕ್ಕೆ 1ಕ್ಕಿಂತ ಕಮ್ಮಿ ಇರೋರ ಮೇಲೆ ಈಚ್-ವೇ ಹಾಕೋದು ನನಗೆ ಅರ್ಥನೇ ಆಗಲ್ಲ, ಆದ್ರೂ ಎಷ್ಟೊಂದು ಜನ ಸೇಫ್ಟಿ ಅಂತ ಅಂದ್ಕೊಂಡು ಹಾಕ್ತಾರೆ, ದಯವಿಟ್ಟು ಬೇಡ.

ಶಾಂಜೆಲಿಜೆಗೆ ಈಚ್-ವೇ ಯಾಕೆ ಹೊಂದುತ್ತೆ ಅಂದ್ರೆ ಅಲ್ಲಿ ಅದೇ ಹೆಸರುಗಳು ಮತ್ತೆ ಮತ್ತೆ ಮೊದಲ ಮೂರರಲ್ಲಿ ಬರ್ತವೆ. ಅಲೆಕ್ಸಾಂಡರ್ ಕ್ರಿಸ್ಟೋಫ್ ನೋಡಿ: 2014 ಎರಡನೇದು, 2015 ಮೂರನೇದು, 2016 ಮೂರನೇದು, 2018 ಗೆಲುವು, 2022 ಮೂರನೇದು. ಗೆದ್ದಿದ್ದು ಒಂದೇ ಸಲ, ಈಚ್-ವೇಲಿ ದುಡ್ಡು ಬರೋದು ಐದು ಸಲ. ಗ್ರೂನವೇಗನ್ 2017ರಲ್ಲಿ ಗೆದ್ದ, 2019 ಮತ್ತು 2022ರಲ್ಲಿ ಎರಡನೇದು, 2023ರಲ್ಲಿ ಮೂರನೇದು. ಗ್ರೈಪೆಲ್ 2013ರಲ್ಲಿ ಎರಡನೇದು, 2015, 2016 ಗೆಲುವು, 2017 ಮತ್ತೆ ಎರಡನೇದು. ಇದು ಅದೃಷ್ಟ ಅಂತ ನಾನು ಒಪ್ಪಲ್ಲ. ಆ ರೋಡ್ ಸ್ವಲ್ಪ ಏರು, ಕಲ್ಲು ಹಾಸಿದ್ದು, ಮೂರು ವಾರ ಆದ್ಮೇಲೆ ಬರೋದು, ಅಲ್ಲಿ ಚುರುಕಾಗಿ ಚಿಮ್ಮೋರಿಗಿಂತ ಭಾರೀ ಗೇರ್ ಎಳ್ಕೊಂಡು ಕೊನೇ ತನಕ ಸ್ಪೀಡ್ ಹಿಡಿದಿಡೋ ಗಟ್ಟಿ ಆಸಾಮಿಗಳು ಮೇಲೆ ಬರ್ತಾರೆ. ಕ್ರಿಸ್ಟೋಫ್ ಥರದೋರಿಗೆ ಮೊದಲ ವಾರದ ಸಪಾಟು ಸ್ಪ್ರಿಂಟಲ್ಲಿ ಅಷ್ಟೊಂದು ಬರಲ್ಲ, ಹಾಗಾಗಿ ಆಡ್ಸ್ ದೊಡ್ಡದಿರ್ತಿತ್ತು, ನಮಗೆ ಬೇಕಾಗಿದ್ದೂ ಅದೇ.

2018ದು ಬೇರೆನೇ ಪಾಠ. ಆ ವರ್ಷ ಆಲ್ಪ್ಸ್‌ನಲ್ಲಿ 11ನೇ ಸ್ಟೇಜಲ್ಲಿ ಕ್ಯಾವೆಂಡಿಶ್, ಕಿಟ್ಟೆಲ್ ಇಬ್ರೂ ಟೈಮ್ ಕಟ್ (ಇಷ್ಟು ಹೊತ್ತಿನೊಳಗೆ ಮುಗಿಸ್ಬೇಕು ಅನ್ನೋ ಗಡುವು) ಮಿಸ್ ಮಾಡಿ ಮನೆಗೆ ಹೋದ್ರು, ಮಾರನೇ ದಿನ ಆಲ್ಪ್ ದ್ಯುಯೆಜ್ ದಾರೀಲಿ ಗ್ರೂನವೇಗನ್, ಗವಿರಿಯ, ಗ್ರೈಪೆಲ್ ಮೂರೂ ಜನ ರೇಸ್ ಬಿಟ್ರು. ಪ್ಯಾರಿಸ್‌ಗೆ ಬರೋ ಹೊತ್ತಿಗೆ ದೊಡ್ಡ ಹೆಸರುಗಳೇ ಇಲ್ಲ, ಕ್ರಿಸ್ಟೋಫ್ ಇದ್ದ. ಹಾಗಾಗಿ ನನ್ನ ಪ್ರಿವ್ಯೂ ಶುರು ಆಗೋದೇ ಬೆಟ್ಟದ ಸ್ಟೇಜ್‌ಗಳಿಂದ, ಗೆಲ್ಲೋರನ್ನ ಬಿಟ್ಟು ಪಟ್ಟಿಯ ಕೆಳಗಿನ ಪುಟ ನೋಡ್ತೀನಿ, ಯಾವ ಸ್ಪ್ರಿಂಟರ್ ಆರಾಮಾಗಿ ಬಂದ, ಯಾರು ಟೈಮ್ ಕಟ್‌ಗೆ ಎರಡು ನಿಮಿಷ ಇರೋವಾಗ ಒದ್ದಾಡ್ಕೊಂಡು ಬಂದ, ಅವನನ್ನ ಕರ್ಕೊಂಡು ಬಂದ ಲೀಡ್-ಔಟ್ ಹುಡುಗರು (ಸ್ಪ್ರಿಂಟ್‌ಗೆ ಅವನನ್ನ ಮುಂದೆ ಎಳ್ಕೊಂಡು ಹೋಗೋ ಅವನ ಟೀಮಿನೋರು) ಎಷ್ಟು ಜನ ಉಳಿದಿದಾರೆ. ಟಿವಿಲಿ ಇದನ್ನ ತೋರಿಸೋದೇ ಇಲ್ಲ, ರಿಸಲ್ಟ್ ಶೀಟ್ ಓದ್ಬೇಕು.

ಹೆಡ್-ಟು-ಹೆಡ್ ಈ ಓದಿಗೆ ನೇರವಾಗಿ ಬೆಲೆ ಕೊಡೋ ಬೆಟ್, ನನಗೆ ಎಲ್ಲಕ್ಕಿಂತ ಇಷ್ಟ. ಇಬ್ರು ರೈಡರ್, ಆ ಸ್ಟೇಜಲ್ಲಿ ಯಾರು ಮುಂದೆ ಬರ್ತಾರೆ ಅಷ್ಟೇ. ನಿಮ್ಮೋನು 14ನೇದು, ಇನ್ನೊಬ್ಬ 60ನೇದು ಬಂದ್ರೂ ನಿಮ್ಮ ಬೆಟ್ ಗೆದ್ದಂಗೆ. ಎರಡೂ ಕಡೆ 1.83 ಕೊಟ್ಟಿದ್ರೆ ಕೂಡಿಸಿದಾಗ ಸುಮಾರು 109 ಬರುತ್ತೆ, ಅಂದ್ರೆ ಕಂಪನಿ ಪಾಲು ಎಷ್ಟು ಅಂತ ಕಣ್ಣಿಗೆ ಕಾಣುತ್ತೆ, ವಿನ್ನರ್ ಮಾರ್ಕೆಟ್ ಥರ ಮೂವತ್ತು ಹೆಸರಿನ ಹಿಂದೆ ಅಡಗಿರಲ್ಲ. ಅದಕ್ಕಿಂತ ಮುಖ್ಯ, ಇಲ್ಲಿ ಯಾರು ಗೆಲ್ತಾರೆ ಅಂತ ಗೊತ್ತಿರಬೇಕಾಗೇ ಇಲ್ಲ, ಯಾರು ಕುಸಿದಿದಾರೆ ಅಂತ ಗೊತ್ತಿದ್ರೆ ಸಾಕು, ಮೂರನೇ ವಾರದ ಕೊನೇಲಿ ಅದು ಗೊತ್ತಾಗೋದು ಸುಲಭ. ಮುಂಚೆ ಬಿದ್ದು ಬ್ಯಾಂಡೇಜ್ ಕಟ್ಕೊಂಡಿರೋನು, ಜ್ವರ ಅಂತ ಇಂಟರ್ವ್ಯೂಲಿ ಹೇಳಿದೋನು, ಹಸಿರು ಜರ್ಸಿ ಆಗ್ಲೇ ಖಾತ್ರಿ ಆಗಿ ಬೀಳದೇ ಫಿನಿಶ್ ಮಾಡಿದ್ರೆ ಸಾಕು ಅನ್ನೋನು, ಇವರ ಎದುರಿಗೆ ಯಾರಿದಾರೆ ನೋಡಿ.

ಮೊಂಮಾರ್ತ್ ಬಂದ್ಮೇಲಂತೂ ಇದರ ಬೆಲೆ ಡಬಲ್ ಆಯ್ತು. 2025ರಲ್ಲಿ ಮಳೆ, ರೋಡ್ ಜಾರ್ತಿತ್ತು, ಒಟ್ಟಾರೆ ಟೈಮ್ ಲೆಕ್ಕನ ಫಿನಿಶ್‌ಗೆ ಸುಮಾರು 50 ಕಿಮೀ ಇರೋವಾಗ್ಲೇ ನಿಲ್ಲಿಸಿದ್ರು, ಆಮೇಲೆ ಹಳದಿ ಜರ್ಸಿ ಹಾಕ್ಕೊಂಡೇ ಪೊಗಾಚರ್ ಅಟ್ಯಾಕ್ ಮೇಲೆ ಅಟ್ಯಾಕ್ ಮಾಡ್ದ. ಕೊನೆಗೆ ಮುಂದೆ ಉಳಿದಿದ್ದು ಆರೇ ಜನ, ಪೊಗಾಚರ್, ವಾನ್ ಆರ್ಟ್, ಜಾರ್ಗನ್ಸನ್, ಮೊಹೊರಿಚ್, ಬಲ್ಲೆರಿನಿ, ತ್ರೆಂಟಿನ್. ಕೊನೇ ಏರಲ್ಲಿ ವಾನ್ ಆರ್ಟ್ ಪೊಗಾಚರ್‌ನನ್ನೇ ಬಿಟ್ಟು ಹೋಗಿ ಒಬ್ಬನೇ ಗೆದ್ದ, ಬಲ್ಲೆರಿನಿ ಎರಡು, ಮೊಹೊರಿಚ್ ಮೂರು, ಪೊಗಾಚರ್ ನಾಲ್ಕು. ಆ ಕ್ಷಣ ನೋಡಿ ಮೈ ಜುಮ್ ಅಂತು, ಬೆಟ್ ಗಿಟ್ ಎಲ್ಲಾ ಮರ್ತೋಯ್ತು, ಅಷ್ಟು ಚೆಂದದ ರೇಸ್ ಅದು. ಆ ಆರರಲ್ಲಿ ಪಕ್ಕಾ ಸ್ಪ್ರಿಂಟರ್ ಅಂತ ಒಬ್ಬನೂ ಇಲ್ಲ ಅನ್ನೋದು ಗಮನಿಸಿ. ವಾನ್ ಆರ್ಟ್ ಎದುರು ಯಾವ ಸ್ಪ್ರಿಂಟರ್ ಹೆಸರಿಟ್ಟಿದ್ರೂ ಹೆಡ್-ಟು-ಹೆಡ್ ಫಿನಿಶ್‌ಗೆ ಮುಂಚೆನೇ ತೀರ್ಮಾನ ಆಗ್ಬಿಟ್ಟಿತ್ತು. ಅವನು 2021ರಲ್ಲೂ ಪ್ಯಾರಿಸ್ ಗೆದ್ದಿದ್ದ, ಆವಾಗ ಗುಂಪಿನ ಸ್ಪ್ರಿಂಟಲ್ಲಿ, ಹಿಂದಿನ ದಿನ ಟೈಮ್ ಟ್ರಯಲ್ ಬೇರೆ ಗೆದ್ದು ಬಂದು. ಏರೂ ಆಗುತ್ತೆ ಸ್ಪ್ರಿಂಟೂ ಆಗುತ್ತೆ ಅನ್ನೋ ಇಂಥ ರೈಡರ್‌ನ ಬರೀ ಸ್ಪ್ರಿಂಟ್ ಮಾತ್ರ ಗೊತ್ತಿರೋನ ಜೊತೆ ಜೋಡಿ ಮಾಡಿದ್ರೆ, ಹವಾಮಾನ ಏನೇ ಇರಲಿ, ಎರಡು ಥರದ ರೇಸಲ್ಲೂ ನಿಮ್ ಕಡೆಯೋನಿಗೆ ದಾರಿ ಇರುತ್ತೆ.

ರೂಲ್ ಮಾತ್ರ ಓದಿ. ಸಾಮಾನ್ಯವಾಗಿ ಒಬ್ಬ ಸ್ಟಾರ್ಟೇ ಮಾಡ್ಲಿಲ್ಲ ಅಂದ್ರೆ ಬೆಟ್ ರದ್ದು, ಮಧ್ಯದಲ್ಲಿ ಬಿಟ್ರೆ ಇನ್ನೊಬ್ಬನಿಗೆ ಗೆಲುವು, ಆದ್ರೆ ಎಲ್ಲಾ ಕಡೆ ಒಂದೇ ಥರ ಇರಲ್ಲ. ಮತ್ತೆ ಜಿಸಿ ರೈಡರ್‌ಗಳ (ಇಡೀ ಟೂರ್ ಗೆಲ್ಲೋಕೆ ಒಟ್ಟು ಟೈಮ್‌ಗಾಗಿ ಆಡೋರು) ಜೋಡಿ ಈ ಸ್ಟೇಜಲ್ಲಿ ಮುಟ್ಲೇಬೇಡಿ, ಟೈಮ್ ಲೆಕ್ಕ ನಿಂತ್ಮೇಲೆ ಅವರಲ್ಲಿ ಯಾರು ಯಾವಾಗ ಬ್ರೇಕ್ ಹಿಡಿದು ಆರಾಮಾಗಿ ಬರ್ತಾರೆ ಅಂತ ಹೇಳಕ್ಕಾಗಲ್ಲ.

ಲೈವ್ ಬೆಟಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಾವು ನೋಡೋ ಸ್ಟ್ರೀಮ್ ನಿಜವಾದ ರೇಸ್‌ಗಿಂತ ಹಿಂದೆ ಇರುತ್ತೆ, ಕೆಲವು ಸಲ ಅರ್ಧ ನಿಮಿಷ. ಅಟ್ಯಾಕ್ ನಮಗೆ ಕಾಣೋ ಹೊತ್ತಿಗೆ ಆಡ್ಸ್ ಕುಸಿದಾಗಿರುತ್ತೆ, ಅದರ ಮೇಲೆ ಬೆಟ್ ಒಪ್ಕೊಳ್ಳೋಕೆ ಕಂಪನಿಯೋರು ಕೆಲವು ಸೆಕೆಂಡ್ ತಡೆ ಹಿಡೀತಾರೆ. ರೋಡ್ ಪಕ್ಕ ನಿಂತೋರ ಎದುರು ಸೋಫಾ ಮೇಲೆ ಕೂತು ಆಡೋ ಆಟ ಅಲ್ಲ ಅದು. ರೇಸ್ ನೋಡೋ ಸುಖನೂ ಹಾಳು, ಕಣ್ಣೆಲ್ಲ ಫೋನ್ ಮೇಲೆ. ಎಕ್ಸ್‌ಚೇಂಜಲ್ಲಿ (ಕಂಪನಿ ಬದಲು ಬೇರೆ ಬೆಟ್ ಹಾಕೋರ ಎದುರು ಆಡೋ ಕಡೆ) ಫೇವರಿಟ್ ಗೆಲ್ಲಲ್ಲ ಅಂತ ಹಾಕೋದು ಮಾತ್ರ ನನಗೆ ಸ್ವಲ್ಪ ಹಿಡಿಸ್ತು, ಅದನ್ನೂ ರೇಸ್ ಶುರು ಆಗೋ ಮುಂಚೆ, ಎಷ್ಟು ಕಳ್ಕೋಬೋದು ಅಂತ ಲೆಕ್ಕ ಹಾಕಿ, ಕಮಿಷನ್ ಕಳೆದು.

ಬೇರೆ ಎರಡು ದೊಡ್ಡ ಟೂರ್‌ಗಳ ಕೊನೇ ದಿನಕ್ಕೂ ಇದನ್ನೇ ಹಾಕ್ಬೋದಾ ಅಂದ್ರೆ, ಇಟಲಿಯ ಟೂರ್ ಆದ ಜಿರೋ ಮುಗಿಯೋ ರೋಮ್ ಸ್ಟೇಜ್ ಈಗ್ಲೂ ಹಳೇ ಥರದ ಸ್ಪ್ರಿಂಟೇ, 2023 ಕ್ಯಾವೆಂಡಿಶ್, 2024 ಮೆರ್ಲಿಯರ್, 2025 ಓಲಾವ್ ಕೋಯ್, ಅಲ್ಲಿಗೆ ಈಚ್-ವೇನೇ ಸರಿ. ಸ್ಪೇನಿನ ಟೂರ್ ಆದ ವುವೆಲ್ತಾದ ಮ್ಯಾಡ್ರಿಡ್ ನಂಬಿಕೆಗೆ ಅರ್ಹ ಅಲ್ಲ: 2023ರಲ್ಲಿ ಎವೆನಪೂಲ್, ಗಾನ್ನ ಇದ್ದ ಬ್ರೇಕ್ (ಮುಂದೆ ತಪ್ಪಿಸ್ಕೊಂಡ ಚಿಕ್ಕ ಗುಂಪು) ಹಿಂದಿನ ದೊಡ್ಡ ಗುಂಪಿಗೆ ಸಿಗ್ಲೇ ಇಲ್ಲ, ಅದರಲ್ಲೇ ಇದ್ದ ಕೇಡನ್ ಗ್ರೋವ್ಸ್ ಗೆದ್ದ, 2024ರಲ್ಲಿ ಟೈಮ್ ಟ್ರಯಲ್, 2025ರಲ್ಲಿ ಪ್ಯಾಲೆಸ್ತೀನ್ ಪರ ಪ್ರತಿಭಟನೆಯಿಂದ ಸ್ಟೇಜೇ ಪೂರ್ತಿ ಆಗ್ಲಿಲ್ಲ.

ಪ್ಯಾರಿಸ್‌ಗೆ ಮೊಂಮಾರ್ತ್ ಇರೋ ತನಕ ನಾನು ಮಾಡೋದು ಹೀಗೆ. ಒಟ್ಟು ದುಡ್ಡು ಟೂರ್ ಶುರು ಆಗೋ ಮುಂಚೆನೇ ಬೇರೆ ಎತ್ತಿಡ್ತೀನಿ, ಹೋದ್ರೆ ಬಾಡಿಗೆಗೋ ದಿನಸಿಗೋ ತೊಂದ್ರೆ ಆಗದಷ್ಟು. ಅದರಲ್ಲಿ ಮುಕ್ಕಾಲು ಪಾಲು ಒಂದೋ ಎರಡೋ ಹೆಡ್-ಟು-ಹೆಡ್‌ಗೆ, ಉಳಿದಿದ್ದು ಏರು ಗೊತ್ತಿರೋ ಕ್ಲಾಸಿಕ್ಸ್ (ಒಂದು ದಿನದ ದೊಡ್ಡ ರೇಸ್‌ಗಳು) ರೈಡರ್ ಒಬ್ಬನ ಮೇಲೆ ಈಚ್-ವೇ, ಆಡ್ಸ್ 10ಕ್ಕೆ 1ಕ್ಕಿಂತ ಮೇಲಿದ್ರೆ ಮಾತ್ರ. ಶನಿವಾರದ ಸ್ಟೇಜ್ ಮುಗಿಯೋ ತನಕ ಏನೂ ಹಾಕಲ್ಲ, ಭಾನುವಾರ ಬೆಳಿಗ್ಗೆ ಪ್ಯಾರಿಸ್ ಹವಾಮಾನ ನೋಡ್ತೀನಿ. ಮಳೆ ಅಂತ ಇದ್ರೆ ಆಡ್ಸ್ ಬದಲಾಗೋ ಮುಂಚೆ ಹಾಕ್ಬಿಡ್ತೀನಿ, ಬಿಸಿಲಿದ್ರೆ ಸ್ಪ್ರಿಂಟರ್‌ಗಳ ಟೀಮ್ ಎಷ್ಟು ಜನ ಉಳಿದಿದಾರೆ ಅಂತ ಇನ್ನೊಂದ್ಸಲ ಎಣಿಸ್ತೀನಿ, ಎರಡು ಮೂರು ಟೀಮ್ ಪೂರ್ತಿ ಇದ್ದು ಒಟ್ಟಿಗೆ ಎಳೆಯೋ ಹಂಗಿದ್ರೆ ಆ ವರ್ಷ ಈಚ್-ವೇ ಬಿಟ್ಟು ಹೆಡ್-ಟು-ಹೆಡ್ ಮಾತ್ರ.