ಬಂಪರ್ ಒಂದು ಬಣ್ಣ, ಬಾಡಿ ಒಂದು ಬಣ್ಣ: ಮೂರು ಕಡೆ ಮ್ಯಾಚಿಂಗ್ ಮಾಡಿಸಿ ನೋಡಿದ್ದು

ಕಾರು ತಗೊಂಡಿದ್ದು ವರಮಹಾಲಕ್ಷ್ಮಿ ಹಬ್ಬದ ದಿನ. ಆಷಾಢ ಕಳೆಯಲಿ ಅಂತ ಕಾದವರೆಲ್ಲ ಅವತ್ತೇ ಬಂದಿದ್ದರು. ಶೋರೂಮಿನ ಮುಂದೆ ಹಾರ ಹಾಕಿದ ಕಾರುಗಳ ಸಾಲು, ಮೇಲೆ ಜಿಟಿಜಿಟಿ ಮಳೆ. ನಮ್ಮ ಸರದಿ ಬರುವ ಹೊತ್ತಿಗೆ ಸಂಜೆ ಆರೂವರೆ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಶಿವಮೊಗ್ಗದ ವಿನೋಬನಗರದ ಮನೆ ಮುಂದೆ ತಂದು ನಿಲ್ಲಿಸಿದೆ. ಒದ್ದೆ ಕಾರು, ಹಳದಿ ಬೀದಿದೀಪ. ಬಣ್ಣದ ವ್ಯತ್ಯಾಸ ಅಡಗಿಕೊಳ್ಳಲು ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ ಅಂತ ಆಗ ಗೊತ್ತಿರಲಿಲ್ಲ.

ಕಂಡು ಹಿಡಿದಿದ್ದು ಸಾಗರದಿಂದ ಬಂದ ಭಾವ. ಹತ್ತು ದಿನ ಆಗಿತ್ತು. ಅವತ್ತು ಬೆಳಿಗ್ಗೆ ಮೋಡ ಇತ್ತು, ಮಳೆ ಇರಲಿಲ್ಲ. ಕಾಫಿ ಲೋಟ ಹಿಡಿದು ಕಾರಿಗೆ ಒಂದು ಸುತ್ತು ಬಂದರು. "ಇದೆಂತ ಮಾರಾಯಾ, ಬಂಪರ್ ಬೇರೆ ಕಾರಿಂದು ಹಾಕಿ ಕೊಟ್ಟಿದಾರಾ?"

ನೋಡಿದರೆ ಹೌದು. ಕಾರು ಬೆಳ್ಳಿ ಬಣ್ಣದ್ದು. ಬಾನೆಟ್, ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ಬಾಗಿಲು ಎಲ್ಲ ನೀಲಿ ಕಡೆಗೆ ವಾಲುವ ಬೆಳ್ಳಿ. ಎರಡೂ ಬಂಪರ್ ಮತ್ತು ಕನ್ನಡಿಗಳ ಕವರ್ ಮಾತ್ರ ಸ್ವಲ್ಪ ಹಳದಿ, ಹಾಲು ಬೆರೆಸಿದ ಹಾಗೆ. ಒಂದು ಸಲ ಕಣ್ಣಿಗೆ ಬಿತ್ತಲ್ಲ, ಆಮೇಲೆ ಕಾರು ನೋಡಿದಾಗೆಲ್ಲ ಅದೇ ಕಾಣುತ್ತಿತ್ತು.

ಮೊದಲು ಬಂದ ಅನುಮಾನ, ಯಾರೋ ಗುದ್ದಿದ ಕಾರನ್ನು ರಿಪೇರಿ ಮಾಡಿ ಕೊಟ್ಟಿರಬಹುದು ಅಂತ. ಹಳೇ ಕಾರು ಕೊಂಡು ಮಾರುವ ಗೆಳೆಯನೊಬ್ಬ ಬಣ್ಣದ ದಪ್ಪ ಅಳೆಯುವ ಮೈಕ್ರಾನ್ ಮೀಟರ್ ತಂದು ಎಲ್ಲ ಕಡೆ ಇಟ್ಟು ನೋಡಿದ. ಬಾಗಿಲು, ಫೆಂಡರ್, ಬಾನೆಟ್ ಎಲ್ಲ 100ರಿಂದ 120 ಮೈಕ್ರಾನ್ ಒಳಗೆ. ಫ್ಯಾಕ್ಟರಿ ಬಣ್ಣ ಅಷ್ಟೇ ಇರುತ್ತದೆ. ಮೇಲೆ ಮತ್ತೆ ಹೊಡೆದಿದ್ದರೆ 200 ದಾಟುತ್ತದೆ, ತಗ್ಗು ತುಂಬಲು ಮೆತ್ತುವ ಪುಟ್ಟಿ ಇದ್ದರೆ ಇನ್ನೂ ಎಷ್ಟೋ ಜಾಸ್ತಿ. ಬಂಪರ್ ಮೇಲೆ ಆ ಮೀಟರ್ ಕೆಲಸ ಮಾಡುವುದಿಲ್ಲ, ಅದಕ್ಕೆ ಕೆಳಗೆ ಲೋಹ ಬೇಕು. ಹೊಸ ಕಾರಿನಲ್ಲಿ ತಗಡಿಗೂ ತಗಡಿಗೂ ಬಣ್ಣ ಬೇರೆ ಇದ್ದರೆ ಜಗಳ ಮಾಡಿ. ಬಾಗಿಲು ಒಂದು ಥರ, ಪಕ್ಕದ ಫೆಂಡರ್ ಇನ್ನೊಂದು ಥರ ಅಂದರೆ ಸಾಗಣೆಯಲ್ಲೋ ಯಾರ್ಡಿನಲ್ಲೋ ಏನೋ ಆಗಿದೆ. ಅದೂ ನೋಂದಣಿಗೆ ಮೊದಲೇ ಜಗಳ ಮಾಡಬೇಕು. ನಂಬರ್ ಬಿದ್ದ ಮೇಲೆ ಕಾರು ವಾಪಸ್ ಕೊಡುವುದು ದೊಡ್ಡ ತಲೆನೋವು. ನನ್ನ ಹಾಗೆ ತಗಡಿಗೂ ಪ್ಲಾಸ್ಟಿಕ್‌ಗೂ ಬೇರೆ ಇದ್ದರೆ ಅದು ಬೇರೆ ಕಥೆ.

ಕಾರಿನ ತಗಡಿನ ಬಾಡಿ ಇಡಿಯಾಗಿ ಪ್ರೈಮರ್ ತೊಟ್ಟಿಯಲ್ಲಿ ಮುಳುಗುತ್ತದೆ, ಆಮೇಲೆ ಬಣ್ಣ, ಅದರ ಮೇಲೆ ಕ್ಲಿಯರ್, ಅಂದರೆ ಹೊಳಪು ಕೊಡುವ ಬಣ್ಣವಿಲ್ಲದ ಪದರ. ಕೊನೆಗೆ ಸುಮಾರು 140 ಡಿಗ್ರಿ ಶಾಖದ ಒಲೆಯಲ್ಲಿ ಬೇಯುತ್ತದೆ. ಅಷ್ಟು ಬಿಸಿಗೆ ಬಂಪರ್ ಇಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಹಾಗಾಗಿ ಅದಕ್ಕೆ ಬೇರೆ ಬಣ್ಣ, 80 ಡಿಗ್ರಿ ಆಸುಪಾಸಿನ ಬೇರೆ ಒಲೆ, ಎಷ್ಟೋ ಸಲ ಬೇರೆ ಊರಿನ ಬೇರೆ ಕಾರ್ಖಾನೆ. ಎರಡೂ ಸೇರುವುದು ಕೊನೆಗೆ, ಕಾರು ಜೋಡಿಸುವಾಗ. ಅಪ್ಪಟ ಬಿಳಿ ಕಾರಾದರೆ ಇದೆಲ್ಲ ಅಷ್ಟು ಕಾಣುವುದಿಲ್ಲ. ಬೆಳ್ಳಿಯಲ್ಲಿ ಅಲ್ಯೂಮಿನಿಯಂ ಚೂರುಗಳು ಇರುತ್ತವೆ. ಅವು ಹೇಗೆ ಮಲಗಿವೆ ಅನ್ನುವುದರ ಮೇಲೆ ಬಣ್ಣ ನಿಂತಿದೆ. ನೇರ ನೋಡಿದರೆ ಒಂದು, ಪಕ್ಕದಿಂದ ನೋಡಿದರೆ ಇನ್ನೊಂದು.

ಕಾರಣ ಗೊತ್ತಾಯಿತು, ಕಿರಿಕಿರಿ ಹೋಗಲಿಲ್ಲ. ಮೂರು ಕಡೆ ಹೋದೆ. ಮುಂದಿನ ಬಂಪರ್ ಶೋರೂಮಿನವರಿಗೆ, ಕನ್ನಡಿಯ ಕವರ್ ಸ್ಕ್ಯಾನರ್ ಇರುವ ಬಣ್ಣದಂಗಡಿಗೆ, ಹಿಂದಿನ ಬಂಪರ್ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಬ್ಬ ಪೇಂಟರ್ ಮೇಸ್ತ್ರಿಗೆ. ಹೀಗೆ ಹಂಚಬೇಕು ಅಂತ ಏನೂ ಪ್ಲಾನ್ ಮಾಡಿರಲಿಲ್ಲ. ಒಂದು ಕೆಟ್ಟ ಮೇಲೆ ಇನ್ನೊಂದು.

ಶೋರೂಮಿನಲ್ಲಿ ಮೊದಲು ಬಂದ ಉತ್ತರ: "ಪ್ಲಾಸ್ಟಿಕ್ ಮೇಲೆ ಹೀಗೇ ಸಾರ್, ಎಲ್ಲ ಕಾರಲ್ಲೂ ಇರುತ್ತೆ." ಪೂರ್ತಿ ಸುಳ್ಳಲ್ಲ. ಆದರೆ ಅವರ ಯಾರ್ಡಿನಲ್ಲೇ ಅದೇ ಬಣ್ಣದ ಇನ್ನೆರಡು ಕಾರು ನಿಂತಿದ್ದವು. ಒಂದರಲ್ಲಿ ವ್ಯತ್ಯಾಸ ಕಾಣಲೇ ಇಲ್ಲ. ಅದನ್ನು ತೋರಿಸಿದ ಮೇಲೆ ಮುಂದಿನದು ಒಂದನ್ನು ಪುಕ್ಕಟೆ ಹೊಡೆದು ಕೊಡಲು ಒಪ್ಪಿದರು. ಕೆಲಸ ಅಚ್ಚುಕಟ್ಟು. ಬಣ್ಣ ಹೊಡೆಯಲು ಧೂಳಿಲ್ಲದ ಮುಚ್ಚಿದ ಬೂತು, 60 ಡಿಗ್ರಿಯಲ್ಲಿ ಬೇಕಿಂಗ್, ಕ್ಲಿಯರ್ ಕನ್ನಡಿಯ ಹಾಗೆ. ಬಣ್ಣ ಮಾತ್ರ ಕಾರಿನ ಬಣ್ಣದ ಕೋಡ್ ನೋಡಿ ಬೆರೆಸಿದ್ದು. ಕಾರಿನ ಪಕ್ಕ ಹಿಡಿದು ನೋಡಿದವರು ಯಾರೂ ಇಲ್ಲ, ಯಾಕೆಂದರೆ ಬಂಪರ್ ಬೂತಿನಲ್ಲಿ, ಕಾರು ಹೊರಗೆ. ಮೊದಲು ಹಳದಿ ಇತ್ತು, ಈಗ ಕಪ್ಪು ಕಡೆಗೆ ಹೋಗಿದೆ. ಒಂದೇ ಕೋಡಿಗೆ ಬಣ್ಣದ ಕಂಪನಿಗಳು ನಾಲ್ಕೈದು ಬಗೆಯ ಫಾರ್ಮುಲಾ ಇಟ್ಟಿರುತ್ತವೆ, ಸ್ವಲ್ಪ ನೀಲಿ, ಸ್ವಲ್ಪ ದಪ್ಪ ಚೂರು, ಹೀಗೆ. ಇವರು ಮೊದಲನೆಯದನ್ನೇ ತೆಗೆದು ಬೆರೆಸಿದ್ದರು. ಎರಡು ದಿನ, ಖರ್ಚು ಸೊನ್ನೆ, ಉಪಯೋಗವೂ ಹೆಚ್ಚುಕಡಿಮೆ ಅಷ್ಟೇ.

ಸ್ಕ್ಯಾನರ್ ಮೇಲೆ ನನಗೆ ತುಂಬ ಭರವಸೆ ಇತ್ತು. ಪೆಟ್ರೋಲ್ ಮುಚ್ಚಳ ಬಿಚ್ಚಿ ತನ್ನಿ ಅಂದರು. ಎರಡು ಸ್ಕ್ರೂ. ನನ್ನ ಕಾರಿನಲ್ಲಿ ಅದು ತಗಡಿನದು, ಬಾಡಿಯ ಜೊತೆಗೇ ಬೆಂದಿದ್ದು, ಹಾಗಾಗಿ ಅದಕ್ಕಿಂತ ಒಳ್ಳೆ ಸ್ಯಾಂಪಲ್ ಇಲ್ಲ. ಕೈಯಲ್ಲಿ ಹಿಡಿಯುವ ಯಂತ್ರವನ್ನು ಮುಚ್ಚಳದ ಮೇಲೆ ಒತ್ತಿದರು. ಅದು ಹಲವು ಕೋನದಿಂದ ಬೆಳಕು ಬಿಟ್ಟು ಓದಿ, ಹತ್ತಿರದ ಫಾರ್ಮುಲಾ ಹುಡುಕಿ ಕೊಡುತ್ತದೆ. ಬೆರೆಸಿದ ಬಣ್ಣವನ್ನು ಸ್ಪ್ರೇ ಡಬ್ಬಕ್ಕೆ ತುಂಬಿಸಿಕೊಂಡೆ, ಕ್ಲಿಯರ್ ಡಬ್ಬವೂ ಸೇರಿ 1,400 ರೂಪಾಯಿ. ಮನೆಯ ಜಗಲಿಯಲ್ಲಿ ವಾಟರ್ ಪೇಪರ್ ಹಾಕಿ ಉಜ್ಜಿ, ಕವರುಗಳಿಗೆ ನಾನೇ ಹೊಡೆದೆ.

ನೇರ ನೋಡಿದಾಗ ಬಣ್ಣ ಪಕ್ಕಾ ಕೂತಿತ್ತು. ಯಂತ್ರ ಮೋಸ ಮಾಡಲಿಲ್ಲ, ಮೋಸ ಮಾಡಿದ್ದು ನನ್ನ ಕೈ. ಒದ್ದೆಯಾಗಿ ಹೊಡೆದರೆ ಬೆಳ್ಳಿ ಕಪ್ಪಾಗುತ್ತದೆ, ದೂರದಿಂದ ಒಣಗಿಸಿ ಹೊಡೆದರೆ ಬೆಳ್ಳಗಾಗುತ್ತದೆ. ಡಬ್ಬ ಒಂದೇ, ಬಣ್ಣ ಎರಡು! ಎಡಗಡೆ ಕವರ್ ಒಂದು ಥರ, ಬಲಗಡೆ ಇನ್ನೊಂದು ಥರ. ಜೊತೆಗೆ ಅಕ್ಟೋಬರಿನ ಸಂಜೆ ಮಳೆಯ ತೇವಕ್ಕೆ ಬಲಗಡೆಯದರ ಮೇಲೆ ಮಂಜು ಕವಿದ ಹಾಗೆ ಬಿಳಿಚಿಕೊಂಡಿತು. ಪುಣ್ಯಕ್ಕೆ ಎರಡೂ ಕನ್ನಡಿಯನ್ನು ಹೋಲಿಸಿ ನೋಡುವವರು ಕಡಿಮೆ. ಆ ಬಿಳಿಚಿದ್ದನ್ನು ಮಾತ್ರ ಇನ್ನೊಂದು ಸಲ ಹೊಡೆದೆ. ಸಣ್ಣ ಭಾಗಕ್ಕೆ, ಒಣ ದಿನದಲ್ಲಿ, ಈ ದಾರಿ ಸಾಕು ಅನಿಸಿತು. ಬಂಪರ್‌ಗೆ ಖಂಡಿತ ಬೇಡ.

ಮೇಸ್ತ್ರಿ ಹತ್ತಿರ ಮೊದಲ ಸಲ ಹೋದಾಗ ಕೆಲಸವನ್ನೇ ತಗೊಳ್ಳಲಿಲ್ಲ. "ಬೆಳ್ಳಿನಾ? ಮಳೆ ಪೂರ್ತಿ ಹೋಗ್ಲಿ ಸಾರ್. ಅಡಿಕೆ ಕೊಯ್ಲು ಶುರುವಾದ ಮೇಲೆ ಬನ್ನಿ." ಡಿಸೆಂಬರಿನಲ್ಲಿ ಹೋದೆ.

ಅವರ ಶೆಡ್ಡಿನಲ್ಲಿ ಬೂತಿಲ್ಲ. ಮೂರು ಕಡೆ ಪ್ಲಾಸ್ಟಿಕ್ ಹಾಳೆ, ನೆಲಕ್ಕೆ ನೀರು, ಅಷ್ಟೇ. ಆದರೆ ಬಣ್ಣ ಬೆರೆಸಲು ಕೂತಿದ್ದು ಹೊರಗೆ, ಕಾರಿನ ಪಕ್ಕದಲ್ಲೇ, ಬಿಸಿಲು ನೇರ ಬೀಳದ ಜಾಗದಲ್ಲಿ. ಟ್ಯೂಬ್‌ಲೈಟ್ ಕೆಳಗೆ ಒಂದಾದ ಬಣ್ಣ ಹಗಲಲ್ಲಿ ಎರಡಾಗುತ್ತದೆ ಅಂದರು. ಅಂಗಡಿಯಿಂದ ತಂದ ಕೋಡಿನ ಬಣ್ಣವನ್ನು ಮಗ್ಗಿಗೆ ಸುರಿದು, ಹಳೇ ಲಗ್ನಪತ್ರಿಕೆಯ ಹಿಂಭಾಗಕ್ಕೆ ಗನ್ನಿನಿಂದ ಹೊಡೆದರು. ಕಡ್ಡಿಯಲ್ಲಿ ಸವರಿ ನೋಡುವವರನ್ನು ಕಂಡಿದ್ದೆ, ಇವರು ಹಾಗೆ ಮಾಡಲಿಲ್ಲ. ಗನ್ನಿನಲ್ಲಿ ಬಂದ ಹಾಗೆ ಕಡ್ಡಿಯಲ್ಲಿ ಬರುವುದಿಲ್ಲವಂತೆ. ಕ್ಲಿಯರ್ ಹೊಡೆದು, ಆರಿಸಿ, ಕಾರ್ಡನ್ನು ಹಿಂದಿನ ಚಕ್ರದ ಮೇಲಿನ ತಗಡಿಗೆ ಹಿಡಿದರು. ನಿಂತು ನೋಡಿದರು, ಆಮೇಲೆ ಕುಕ್ಕರಗಾಲಲ್ಲಿ ಕೂತು ಪಕ್ಕದಿಂದ ನೋಡಿದರು. ನೇರದಲ್ಲಿ ಸರಿ, ಪಕ್ಕದಿಂದ ಕಪ್ಪು. ಒಂದು ಚೂರು ಬಿಳಿ ಹಾಕಿದರು. ಬಿಳಿ ಪಕ್ಕದ ನೋಟವನ್ನು ಬೆಳಗಿಸುತ್ತದೆ, ನೇರದ ಹೊಳಪನ್ನು ಸ್ವಲ್ಪ ತಿನ್ನುತ್ತದೆ. ಅದಕ್ಕೆ ಮತ್ತೆ ಬೆಳ್ಳಿ, ಎರಡು ಹನಿ ನೀಲಿ. ಹೀಗೆ ಏಳು ಕಾರ್ಡ್. ಮಧ್ಯೆ ಎರಡು ಸಲ ಟೀ. ನಾನು ಮೂರನೇ ಕಾರ್ಡಿಗೇ ಸಾಕು ಅಂದಿದ್ದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ವಿಷಯಕ್ಕೆ ಮಾತ್ರ ನಮ್ಮಲ್ಲಿ ಚರ್ಚೆ ಆಯಿತು. ಬಂಪರಿನ ಬಣ್ಣವನ್ನು ಪಕ್ಕದ ತಗಡಿನ ಮೇಲೂ ಸ್ವಲ್ಪ ಹಾಯಿಸಿ, ಮೇಲೆ ಪೂರ್ತಿ ಕ್ಲಿಯರ್ ಹೊಡೆದರೆ ಗೆರೆಯೇ ಕಾಣದಂತೆ ಆಗುತ್ತದೆ. ಅವರ ಭಾಷೆಯಲ್ಲಿ ಫೇಡ್ ಮಾಡುವುದು. ಹತ್ತು ವರ್ಷದ ಕಾರಾಗಿದ್ದರೆ ಹೂಂ ಅನ್ನುತ್ತಿದ್ದೆ. ನಾಲ್ಕು ತಿಂಗಳ ಕಾರಿನ ಒಲೆಯಲ್ಲಿ ಬೆಂದ ಬಣ್ಣದ ಮೇಲೆ ವಾಟರ್ ಪೇಪರ್ ಹಾಕಿಸಲು ಮನಸ್ಸು ಬರಲಿಲ್ಲ. ನಾಳೆ ಮಾರುವಾಗ ಯಾರೋ ಮೀಟರ್ ಇಟ್ಟು, 250 ತೋರಿಸಿ, ಗುದ್ದಿದ ಕಾರು ಅನ್ನುತ್ತಾರೆ. ಅಲ್ವಾ? ಬೇಡ ಅಂದೆ. "ಹಾಗಾದ್ರೆ ನೂರಕ್ಕೆ ನೂರು ಕೇಳ್ಬೇಡಿ" ಅಂದರು.

ಮೂರು ದಿನ, 3,800 ರೂಪಾಯಿ. ಕ್ಲಿಯರಿನಲ್ಲಿ ಎರಡು ಧೂಳಿನ ಕಣ ಸಿಕ್ಕಿಕೊಂಡಿವೆ, ಶೋರೂಮಿನ ಹೊಳಪಿಲ್ಲ. ಆದರೆ ಬಣ್ಣ ಕೂತಿದೆ. ಮಂಡಗದ್ದೆ ದಾರಿಯಲ್ಲಿ ನಿಲ್ಲಿಸಿ, ಮರದ ನೆರಳಲ್ಲೂ ಬಯಲಲ್ಲೂ ನೋಡಿದೆ. ತೀರಾ ಪಕ್ಕದಿಂದ ನೋಡಿದರೆ ಕೂದಲೆಳೆಯಷ್ಟು ವ್ಯತ್ಯಾಸ. ಭಾವನಿಗೂ ಸಿಗಲಿಲ್ಲ. ಶೋರೂಮಿನ ಬೂತು ಮತ್ತು ಮೇಸ್ತ್ರಿಯ ಕಣ್ಣು ಒಂದೇ ಕಡೆ ಸಿಕ್ಕಿದ್ದರೆ ಅನಿಸಿದ್ದು ನಿಜ. ಎರಡರಲ್ಲಿ ಒಂದೇ ಅಂದರೆ ನನಗೆ ಕಣ್ಣೇ ಸಾಕು, ಧೂಳಿನ ಕಣ ಪಾಲಿಶ್ ಮಾಡುವ ಕಾಂಪೌಂಡ್ ಹಾಕಿ ಉಜ್ಜಿದರೆ ಹೋಗುತ್ತದೆ.

ಮುಂದಿನ ಬಂಪರನ್ನೂ ಮಾಡಿಕೊಡಿ ಅಂದೆ. ಉಗುರಿನಲ್ಲಿ ಅಂಚು ಮುಟ್ಟಿ ನೋಡಿದರು. ಪ್ಲಾಸ್ಟಿಕ್ ಮೇಲೆ ಆಗಲೇ ಎರಡು ಸಲದ ಬಣ್ಣ ಇದೆ, ಇನ್ನೊಂದು ಪದರ ಏರಿಸಿದರೆ ಕಲ್ಲು ಸಿಡಿದಾಗ ಚಕ್ಕೆ ಏಳುತ್ತದೆ ಅಂದರು. "ಈಗ ಬೇಡ ಸಾರ್. ಗೋಪಿ ಸರ್ಕಲ್ಲಲ್ಲಿ ಯಾರಾದ್ರೂ ತಾಗಿಸೇ ತಾಗಿಸ್ತಾರೆ. ಆವಾಗ ಪೂರ್ತಿ ಉಜ್ಜಿ ಹೊಡೆಯೋಣ." ಏಳನೇ ಕಾರ್ಡಿನ ಮೇಲೆ ಬೆರೆಸಿದ ಲೆಕ್ಕ ಬರೆದು ಕೊಟ್ಟಿದ್ದಾರೆ. ಅದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇನ್ಶೂರೆನ್ಸ್ ಕಾಗದದ ಜೊತೆ ಇದೆ.