ಎಂಟಡಿ ಪಿವಿಸಿ ಗೂಡಿನ ಕಿಟ್: ಪೆಟ್ಟಿಗೆ ಗಟ್ಟಿ, ಬೀಗ ಮತ್ತು ಥರ್ಮೋಸ್ಟಾಟ್ ಸಾಲದು

ದೊಡ್ಡ ಹೆಬ್ಬಾವುಗಳಿಗೆಂದು ಮಾರುವ ಎಂಟಡಿ ಉದ್ದ, ಮೂರಡಿ ಅಗಲ, ಎರಡಡಿ ಎತ್ತರದ ಪಿವಿಸಿ ಗೂಡುಗಳು ಈಗ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಬರುತ್ತವೆ. ಬಿಡಿ ಹಲಗೆಗಳು, ಮುಂದೆ ಸರಿಯುವ ಎರಡು ಗಾಜು, ಒಳಚಾವಣಿಗೆ ಬಿಗಿಯುವ ಒಂದು ಹೀಟ್ ಪ್ಯಾನೆಲ್, ಬಿಸಿಯನ್ನು ಹತೋಟಿಯಲ್ಲಿಡುವ ಒಂದು ಆನ್-ಆಫ್ ಥರ್ಮೋಸ್ಟಾಟ್, ಶೋಕೇಸಿಗೆ ಹಾಕುವಂಥ ಒಂದು ಬೀಗ, ಗಾಳಿಯಾಡಲು ನಾಲ್ಕು ಜಾಲರಿ. ಹಲಗೆ ಮತ್ತು ಪ್ಯಾನೆಲ್‌ಗೆ ಪೂರ್ಣ ಅಂಕ ಕೊಡಬಹುದು. ಗಾಜಿನ ಹಳಿಗೆ ಅರ್ಧ. ಬೀಗವನ್ನೂ ಥರ್ಮೋಸ್ಟಾಟನ್ನೂ ಮೊದಲ ದಿನವೇ ಬದಲಾಯಿಸಿ, ಆ ಖರ್ಚನ್ನು ಕಿಟ್‌ನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ.

ಡಬ್ಬದ ಮೇಲೆ "ದೈತ್ಯ ಹೆಬ್ಬಾವುಗಳಿಗೆ" ಎಂದು ಬರೆದಿರುತ್ತದೆ. ಇದು ಉತ್ಪ್ರೇಕ್ಷೆ. ಒಳಗಿನ ಉದ್ದ 2.4 ಮೀಟರ್. ಬರ್ಮೀಸ್ ಹೆಬ್ಬಾವಿನ ಗಂಡು ಮೂರು ಮೀಟರ್ ಆಸುಪಾಸಿಗೆ ನಿಂತರೆ ಗೋಡೆಗುಂಟ ಮೈ ಚಾಚಿಕೊಂಡು ಹೇಗೋ ಹಿಡಿಸುತ್ತದೆ. ಹೆಣ್ಣು ನಾಲ್ಕರಿಂದ ಐದು ಮೀಟರ್ ಬೆಳೆಯಬಹುದು, ಅದಕ್ಕೆ ಇದು ಸಾಲುವುದೇ ಇಲ್ಲ, ಒಂದು ಕೋಣೆಯ ಭಾಗವನ್ನೇ ಬಿಟ್ಟುಕೊಡಬೇಕು. ರೆಟಿಕ್ಯುಲೇಟೆಡ್ ಹೆಬ್ಬಾವಿನ ಮಾತು ಬೇಡವೇ ಬೇಡ: ಸಾಕಿದ ಹಾವುಗಳ ಪೈಕಿ ಗಿನ್ನೆಸ್ ದಾಖಲೆ ಹೊಂದಿದ್ದು ಅದೇ ಜಾತಿಯದು, 2011ರಲ್ಲಿ ಅಳೆದಾಗ 7.67 ಮೀಟರ್. ಕಾರ್ಪೆಟ್ ಹೆಬ್ಬಾವಿಗೆ ನೆಲ ಧಾರಾಳವಾಯಿತು, ಆದರೆ ಹತ್ತಿ ಕೂರುವ ಹಾವಿಗೆ ಎರಡಡಿ ಎತ್ತರ ಕಡಿಮೆ. ಬಾಲ್ ಪೈಥಾನಿಗಾದರೆ ನಾಲ್ಕಡಿ ಉದ್ದ, ಎರಡಡಿ ಅಗಲದ್ದೇ ಸಾಕು. ಹೊಸದಾಗಿ ಶುರುಮಾಡುವವರು ಆರಿಸಿಕೊಳ್ಳಬೇಕಾದದ್ದೂ ಅದನ್ನೇ. ಬೆಳೆದ ಬಾಲ್ ಪೈಥಾನ್ ಸಾಮಾನ್ಯವಾಗಿ ಒಂದೂವರೆ ಮೀಟರ್ ದಾಟುವುದಿಲ್ಲ. ಆಯುಸ್ಸು ಮಾತ್ರ ದೊಡ್ಡದು: 2020ರಲ್ಲಿ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಮೊಟ್ಟೆಯಿಟ್ಟ ಹೆಣ್ಣಿಗೆ 62 ವರ್ಷ ಇರಬಹುದೆಂದು ಅಂದಾಜಿಸಿದ್ದರು.

ಮರಿಯನ್ನು ನೋಡಿ ಗೂಡು ಕೊಳ್ಳುವುದೇ ಈ ಹವ್ಯಾಸದಲ್ಲಿ ಎಲ್ಲರೂ ಬೀಳುವ ಗುಂಡಿ. ಬರ್ಮೀಸ್ ಮರಿ ಮೊಟ್ಟೆಯೊಡೆದಾಗ ಅರ್ಧ ಮೀಟರಿಗಿಂತ ತುಸು ಹೆಚ್ಚು ಉದ್ದ. ಚೆನ್ನಾಗಿ ತಿಂದರೆ ಎರಡು ಮೂರು ವರ್ಷದಲ್ಲಿ ಎರಡೂವರೆ ಮೀಟರ್ ದಾಟಿರುತ್ತದೆ. ಹಾಗಾಗಿ ಮರಿಯ ಜೊತೆಗೇ ದೊಡ್ಡ ಗೂಡಿಗೆ ಜಾಗ ಮತ್ತು ಹಣ ಎರಡನ್ನೂ ಎತ್ತಿಡದವರು ಆ ಜಾತಿಯ ತಂಟೆಗೆ ಹೋಗದಿರುವುದೇ ಮೇಲು.

ಹಲಗೆಯ ವಿಚಾರ. ಜಾಲರಿ ಮುಚ್ಚಳದ ಗಾಜಿನ ತೊಟ್ಟಿಯಲ್ಲಿ ಶಾಖವೂ ತೇವವೂ ಮೇಲಿನಿಂದ ಹಾರಿಹೋಗುತ್ತವೆ. ಮೆಲಮೈನ್ ಹಲಗೆಯ ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ, ಉಬ್ಬಿದ ಕಡೆ ಬೂಷ್ಟು ಹಿಡಿಯುತ್ತದೆ. ನೊರೆ ಪಿವಿಸಿ ಹಗುರ, ನೀರು ಕುಡಿಯುವುದಿಲ್ಲ, ಶಾಖ ಹಿಡಿದಿಡುತ್ತದೆ. ನೋಡಬೇಕಾದದ್ದು ದಪ್ಪವನ್ನು. ಎಂಟಡಿ ಉದ್ದಕ್ಕೆ 12 ಮಿ.ಮೀ. ಬೇಕು. 10 ಮಿ.ಮೀ. ಚಾವಣಿ ಪ್ಯಾನೆಲ್‌ನ ಭಾರಕ್ಕೆ ಕಾಲಕ್ರಮೇಣ ನಡುವೆ ಜಗ್ಗುತ್ತದೆ. ಜಗ್ಗಿದರೆ ಗಾಜು ಹಳಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಗಾಜು ಸಿಕ್ಕಿಕೊಂಡರೆ ನೀವು ಎಳೆದಾಡುತ್ತೀರಿ, ಒಳಗಿನ ಹಾವು ಆ ಸದ್ದಿಗೇ ತಲೆ ಎತ್ತಿ ನಿಲ್ಲುತ್ತದೆ. ಚಾವಣಿಯ ನಡುವೆ ಅಡ್ಡಪಟ್ಟಿ ಕೊಟ್ಟಿರುವ ಕಿಟ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಜೋಡಿಸುವಾಗ ಡ್ರಿಲ್ಲಿನಿಂದ ಸ್ಕ್ರೂ ಬಿಗಿಯಬೇಡಿ. ನೊರೆ ಪಿವಿಸಿಯಲ್ಲಿ ಒಂದು ಸುತ್ತು ಹೆಚ್ಚಾದರೂ ತೂತು ಸವೆದು ಸ್ಕ್ರೂ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಕೈ ಸ್ಕ್ರೂಡ್ರೈವರಿನಲ್ಲಿ, ಹಲಗೆ ಕೂಡಿಕೊಂಡಿತು ಅನ್ನಿಸಿದೊಡನೆ ನಿಲ್ಲಿಸಿ. ತಳದ ನಾಲ್ಕೂ ಸಂದಿಗೆ ಒಳಗಿನಿಂದ ಶುದ್ಧ ಸಿಲಿಕೋನ್ ಹಚ್ಚಬೇಕು. ಬೂಷ್ಟುನಿರೋಧಕ ಬೆರೆಸಿದ ಸ್ನಾನಗೃಹದ ಸಿಲಿಕೋನ್ ಬೇಡ. ಹುಳಿವಾಸನೆ ಪೂರ್ತಿ ಹೋಗುವ ತನಕ ಗಾಜು ತೆರೆದಿಟ್ಟಿರಿ. ಸಿಲಿಕೋನ್ ಹಚ್ಚದೆ ಬಿಟ್ಟರೆ ಹಾವಿನ ಮೂತ್ರ ತಳದ ಸಂದಿಯಲ್ಲಿ ಇಳಿದು ಹಲಗೆಯಡಿ ನಿಲ್ಲುತ್ತದೆ. ಆ ವಾಸನೆ ಎಲ್ಲಿಂದ ಬರುತ್ತಿದೆಯೆಂದು ಹುಡುಕುವುದಕ್ಕೇ ಗೂಡನ್ನು ಬಿಚ್ಚಬೇಕಾದೀತು.

ಇನ್ನು ಗಾಜು. ಟಫನ್ಡ್ ಗಾಜೇ ಆಗಿರಲಿ. ಎರಡು ಗಾಜು ಒಂದರ ಮುಂದೊಂದು ಸರಿಯುವಲ್ಲಿ ಬೆರಳ ತುದಿ ತೂರುವಷ್ಟು ಸಂದಿ ಉಳಿಯುತ್ತದೆ. ದೊಡ್ಡ ಹಾವಿಗೆ ಅದು ಲೆಕ್ಕಕ್ಕಿಲ್ಲ, ಮರಿ ಮಾತ್ರ ಮೂತಿ ತೂರಿಸಿ ಗಾಜನ್ನೇ ಅಗಲಿಸುತ್ತದೆ. ಒಳಗಿನ ಗಾಜಿನ ಅಂಚಿಗೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದರೆ ಸಾಕು. ಎರಡು ಗಾಜಿನ ಏರ್ಪಾಡಿಗೆ ಒಂದು ಒಳ್ಳೆಯ ಗುಣವೂ ಇದೆ: ಒಮ್ಮೆಗೆ ಅರ್ಧ ಭಾಗ ಮಾತ್ರ ತೆರೆಯುತ್ತದೆ. ಹಾವು ಎಡಕ್ಕಿದ್ದರೆ ಬಲದಿಂದ ನೀರು ಬದಲಾಯಿಸಬಹುದು. ಕೆಳಕ್ಕೆ ಬೀಳುವ ಒಂಟಿ ಬಾಗಿಲಿನ ಗೂಡುಗಳಲ್ಲಿ ಈ ಅನುಕೂಲವಿಲ್ಲ.

ಕಿಟ್‌ನ ಬೀಗ ಹಲ್ಲುಪಟ್ಟಿಯ ಮೇಲೆ ಜಾರಿ ಕೂರುವ ಬಗೆಯದು. ಹಲ್ಲು ತೆಳು, ಒಂದು ಗಾಜನ್ನಷ್ಟೇ ಹಿಡಿಯುತ್ತದೆ, ಹಳಿಯ ಇನ್ನೊಂದು ತುದಿ ಸಡಿಲವಾಗಿಯೇ ಇರುತ್ತದೆ. ಹೆಬ್ಬಾವು ರಾತ್ರಿಯಿಡೀ ಗೂಡಿನ ಅಂಚುಗಳನ್ನು ಮೂತಿಯಿಂದ ಒತ್ತುತ್ತಾ ಹೋಗುತ್ತದೆ, ಸಡಿಲವಾದ ಜಾಗ ಸಿಕ್ಕರೆ ಅಲ್ಲೇ ಮೈಯ ಬಲವನ್ನೆಲ್ಲ ಹಾಕುತ್ತದೆ. ಎರಡು ಬದಿಗೂ ಒಂದೊಂದು ಕೀಲಿಬೀಗ ಹಾಕಿ, ಗಾಜನ್ನು ಹಳಿಯಿಂದ ಮೇಲಕ್ಕೆತ್ತಲು ಬಾರದಂತೆ ಮೇಲಿನ ಹಳಿಯಲ್ಲಿ ಪಟ್ಟಿ ತುಂಬಿ. 2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಎರಡು ವರ್ಷದ ಮಗುವನ್ನು ಕೊಂದ ಬರ್ಮೀಸ್ ಹೆಬ್ಬಾವನ್ನು ಇಟ್ಟಿದ್ದ ತೊಟ್ಟಿಗೆ ಮುಚ್ಚಳದ ಬದಲು ಹೊದಿಕೆ ಹಾಸಿದ್ದರು. 2013ರಲ್ಲಿ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಆಫ್ರಿಕನ್ ರಾಕ್ ಪೈಥಾನ್ ಗಾಳಿಕೊಳವೆಯ ಮೂಲಕ ಹೊರಬಂದು, ಮಲಗಿದ್ದ ಇಬ್ಬರು ಬಾಲಕರನ್ನು ಕೊಂದಿತು. ಗೂಡಿನ ಗಾಳಿಜಾಲರಿಗಳು ಒತ್ತಿ ಕೂರಿಸುವ ಪ್ಲಾಸ್ಟಿಕ್ಕಿನವಾಗಿದ್ದರೆ ತೆಗೆದು, ಸ್ಕ್ರೂ ಹಾಕುವ ಲೋಹದ್ದನ್ನು ಕೂರಿಸಿ. ಕೋಣೆಗೂ ಬೀಗ ಇರಬೇಕು, ಬಾಗಿಲಡಿಯ ಸಂದಿ ಮುಚ್ಚಿರಬೇಕು, ಗೋಡೆಯಲ್ಲಿ ತೂತುಗಳಿರಬಾರದು.

ಪ್ಯಾನೆಲ್ ಈ ಕಿಟ್‌ನ ಅತ್ಯುತ್ತಮ ಭಾಗ. ಸೆರಾಮಿಕ್ ಹೀಟರಿನ ಮೇಲ್ಮೈ 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಅದರ ತಂತಿಬಲೆಗೆ ದೊಡ್ಡ ಹಾವು ಸುತ್ತಿಕೊಂಡು ಎಳೆದರೆ ಬಲೆಯೇ ಕಿತ್ತು ಬರುತ್ತದೆ. ಹೀಟ್ ರಾಕ್, ಅಂದರೆ ಕರೆಂಟಿನಲ್ಲಿ ಬಿಸಿಯಾಗುವ ಕಲ್ಲು, ಇನ್ನೂ ಕೆಟ್ಟದ್ದು. ಹೊಟ್ಟೆಗೆ ತಾಗುವ ಬಿಸಿಯಿಂದ ಹಾವು ತಾನಾಗಿ ದೂರ ಸರಿಯುತ್ತದೆಂದು ನೆಚ್ಚುವಂತಿಲ್ಲ, ಸುಟ್ಟುಕೊಂಡೂ ಅಲ್ಲೇ ಮಲಗಿರುತ್ತದೆ. ಪ್ಯಾನೆಲ್ ಚಪ್ಪಟೆ, ಸುತ್ತಿಕೊಳ್ಳಲು ಹಿಡಿತ ಸಿಗುವುದಿಲ್ಲ, ಶಾಖ ಅಗಲಕ್ಕೆ ಹರಡುತ್ತದೆ. 80 ವ್ಯಾಟಿನದು ನಾಲ್ಕಡಿ ಗೂಡಿಗೆ ಸರಿ. ಇಲ್ಲಿ 120 ವ್ಯಾಟಾದರೂ ಬೇಕು, ಕೋಣೆ ತಣ್ಣಗಿದ್ದರೆ ಇನ್ನೂ ಹೆಚ್ಚು. ಅದನ್ನು ಒಂದು ತುದಿಯ ಮೂರನೇ ಒಂದು ಭಾಗದಲ್ಲಿ ಬಿಗಿಯಬೇಕು, ನಡುವೆ ಅಲ್ಲ. ನಡುವೆ ಹಾಕಿದರೆ ತಂಪಿನ ತುದಿಯೇ ಉಳಿಯುವುದಿಲ್ಲ. ಬರ್ಮೀಸ್ ಹೆಬ್ಬಾವಿಗೆ ಬಿಸಿ ತುದಿ 31-32 ಡಿಗ್ರಿ, ತಂಪು ತುದಿ 25-27, ರಾತ್ರಿ 24ಕ್ಕಿಂತ ಕೆಳಗಿಳಿಯಬಾರದು.

ಕಿಟ್‌ನ ಥರ್ಮೋಸ್ಟಾಟಿನ ದೊಡ್ಡ ಅಪಾಯ ಅದರ ರಿಲೇ, ಅಂದರೆ ಕರೆಂಟ್ ಬಿಡುವ, ಕಡಿಯುವ ಒಳಗಿನ ಸ್ವಿಚ್ಚು. ಸಾವಿರಾರು ಸಲ ಆನ್-ಆಫ್ ಆಗಿ ಸವೆದು, ಕೊನೆಗೊಂದು ದಿನ ಆನ್ ಆದಲ್ಲೇ ಅಂಟಿಕೊಳ್ಳುತ್ತದೆ. ಆಗ ಪ್ಯಾನೆಲ್ ನಿಲ್ಲುವುದೇ ಇಲ್ಲ, 35 ಡಿಗ್ರಿ ಮೀರಿದ ಗೂಡಿನಲ್ಲಿ ಹಾವಿಗೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಇದರ ಬದಲು ಪಲ್ಸ್ ಪ್ರೊಪೋರ್ಷನಲ್ ಥರ್ಮೋಸ್ಟಾಟ್ ತೆಗೆದುಕೊಳ್ಳಿ. ಹರ್ಪ್‌ಸ್ಟಾಟ್, ಹ್ಯಾಬಿಸ್ಟಾಟ್ ಎರಡೂ ಬ್ರಾಂಡುಗಳಲ್ಲಿ ಈ ಬಗೆಯವು ಸಿಗುತ್ತವೆ. ವಿದ್ಯುತ್ತನ್ನು ಸಣ್ಣ ಸಣ್ಣ ತುಣುಕಾಗಿ ಬಿಡುವುದರಿಂದ ಪ್ಯಾನೆಲ್ ಒಂದೇ ಮಟ್ಟದಲ್ಲಿ ಬೆಚ್ಚಗಿರುತ್ತದೆ. ಬೆಳಕು ಬೀರುವ ಬಲ್ಬಿಗೆ ಮಾತ್ರ ಇದು ಬೇಡ, ಮಿಣುಕುತ್ತದೆ. ಅದಕ್ಕೆ ಡಿಮ್ಮಿಂಗ್ ಬಗೆಯದು. ಕಿಟ್‌ನದ್ದನ್ನು ಬಿಸಾಡಬೇಕಿಲ್ಲ: ಗೋಡೆಯ ಸಾಕೆಟ್ಟಿಗೂ ಹೊಸ ಥರ್ಮೋಸ್ಟಾಟಿಗೂ ನಡುವೆ ಹಾಕಿ, ಮೂರು ಡಿಗ್ರಿ ಮೇಲಕ್ಕೆ ಹೊಂದಿಸಿಡಿ. ಮುಖ್ಯವಾದದ್ದು ಕೈಕೊಟ್ಟ ದಿನ ಅದು ಕರೆಂಟ್ ಕಡಿಯುತ್ತದೆ. ಹೊಸದು ಹೀಗೆ ಜೋಡಿಸಲು ಒಪ್ಪುವಂಥದ್ದೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಗೂಡಿನ ಬಿಸಿ ಅಳೆದು ಥರ್ಮೋಸ್ಟಾಟಿಗೆ ತಿಳಿಸುವ ಪ್ರೋಬ್ ಎಲ್ಲಿದೆ ಎನ್ನುವುದು ಥರ್ಮೋಸ್ಟಾಟಿನಷ್ಟೇ ಮುಖ್ಯ. ಅದನ್ನು ಬಿಸಿ ತುದಿಯ ಗೋಡೆಗೆ, ಹಾವಿನ ಬೆನ್ನಿನ ಎತ್ತರದಲ್ಲಿ, ಕ್ಲಿಪ್ ಹಾಕಿ ಸ್ಕ್ರೂವಿನಿಂದ ಬಿಗಿಯಿರಿ. ಟೇಪ್ ಖಂಡಿತ ಬೇಡ. ಟೇಪಿನ ಅಂಟು ಹಾವಿನ ಮೈಗೆ ಹತ್ತಿದರೆ ಬಿಡಿಸುವಾಗ ಹುರುಪೆ ಕಿತ್ತು ಬರುತ್ತದೆ. ಪ್ರೋಬಿನ ಮೇಲೆ ನೀರು ಚೆಲ್ಲಿದರೆ ಅಥವಾ ಹಾವು ಮೂತ್ರ ಮಾಡಿದರೆ, ಆವಿಯಾಗುವಾಗ ತಣ್ಣಗಾಗಿ ಅದು ತಪ್ಪು ಲೆಕ್ಕ ಕೊಡುತ್ತದೆ, ಥರ್ಮೋಸ್ಟಾಟ್ ಅದನ್ನು ನಂಬಿ ಬಿಸಿ ಏರಿಸುತ್ತದೆ. ಪ್ರತಿದಿನ ಪ್ರತ್ಯೇಕ ಡಿಜಿಟಲ್ ಥರ್ಮಾಮೀಟರ್ ನೋಡುವ ಅಭ್ಯಾಸವಿರಲಿ. ಇನ್‌ಫ್ರಾರೆಡ್ ಗನ್ ಮೇಲ್ಮೈಯ ಬಿಸಿಯನ್ನಷ್ಟೇ ಹೇಳುತ್ತದೆ, ಗಾಳಿಯದ್ದನ್ನಲ್ಲ. ಮುಚ್ಚಿದ ಗಾಜಿನ ಹೊರಗಿಂದ ಹಿಡಿದರೆ ಗಾಜಿನ ಬಿಸಿಯನ್ನೇ ತೋರಿಸುತ್ತದೆ. ಎಲ್ಲ ಕೂಡಿಸಿದ ಮೇಲೆ ಒಂದು ವಾರ ಖಾಲಿ ಗೂಡನ್ನೇ ಓಡಿಸಿ ನೋಡಿ.

ತೇವ 60ರಿಂದ 70 ಶೇಕಡಾ. ತೆಂಗಿನ ಸಿಪ್ಪೆಯ ಚೂರನ್ನು ಐದಾರು ಸೆಂ.ಮೀ. ಹಾಸಿ, ನೀರನ್ನು ಮೂಲೆಗಳಿಗೆ ಸುರಿಯಿರಿ. ಅಡಿ ಒದ್ದೆ, ಮೇಲ್ಪದರ ಒಣಗಿರಬೇಕು. ಮೇಲ್ಪದರವೂ ಸದಾ ಒದ್ದೆಯಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಒಣಗಿಹೋದರೆ ಪೊರೆ ಚೂರುಚೂರಾಗಿ ಬಿಡುತ್ತದೆ, ಕಣ್ಣಿನ ಮೇಲಿನ ಪೊರೆ ಉಳಿದುಬಿಡುತ್ತದೆ. ಸೀಡರ್ ಮರದ ಹೊಟ್ಟು ಯಾವತ್ತೂ ಬೇಡ.

ಹೊಸ ಹಾವನ್ನು ನೇರ ಈ ಗೂಡಿಗೆ ಬಿಡುವುದು ತಪ್ಪು. ಕಾರಣ ಉಣ್ಣಿ. ಹಾವಿನ ಉಣ್ಣಿ ಗಸಗಸೆ ಗಾತ್ರದ ಕರಿ ಚುಕ್ಕೆ. ಕಣ್ಣಿನ ಸುತ್ತ, ಗದ್ದದ ಅಡಿಯ ಗೆರೆಯಲ್ಲಿ ಸೇರಿಕೊಳ್ಳುತ್ತದೆ, ನೀರಿನ ಬಟ್ಟಲಿನ ತಳದಲ್ಲಿ ಸತ್ತು ಬಿದ್ದಿರುತ್ತದೆ. ಪಿವಿಸಿ ಹಲಗೆಗಳ ಸಂದಿಗಳಲ್ಲಿ ಅದು ಮೊಟ್ಟೆಯಿಟ್ಟರೆ ಇಡೀ ಗೂಡನ್ನು ಬಿಚ್ಚದೆ ಗತಿಯಿಲ್ಲ. ಮೊದಲ 90 ದಿನ ಬೇರೆ ಕೋಣೆಯಲ್ಲಿ, ಬೀಗವಿರುವ ಪ್ಲಾಸ್ಟಿಕ್ ಟಬ್ಬಿನಲ್ಲಿ, ಬಿಳಿ ಟಿಶ್ಯೂ ಹಾಸಿನ ಮೇಲೆ ಇಡಿ. ಬಿಳಿ ಹಾಸಿನಲ್ಲಿ ಉಣ್ಣಿಯೂ ಮಲದ ಬಣ್ಣವೂ ಚೆನ್ನಾಗಿ ಕಾಣುತ್ತವೆ. ಇಕ್ಕಳ, ಕೊಕ್ಕೆ, ಬಟ್ಟಲು ಎಲ್ಲ ಪ್ರತ್ಯೇಕ. ಮನೆಯಲ್ಲಿ ಬೇರೆ ಹಾವುಗಳಿದ್ದರೆ ಹೊಸದರ ಕೆಲಸ ಕೊನೆಗೆ. ಬಾಯಿಯಲ್ಲಿ ಲೋಳೆ, ಉಸಿರಾಟದಲ್ಲಿ ಸಿಳ್ಳೆ, ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುವುದು ಕಂಡರೆ ಹಾವಿನ ಉಸಿರಾಟಕ್ಕೆ ತಗಲುವ ಸರ್ಪೆಂಟೋವೈರಸ್ ಎಂಬ ಸೋಂಕನ್ನು ಅನುಮಾನಿಸಬೇಕು. ಹಿಂದೆ ನಿಡೋವೈರಸ್ ಎನ್ನುತ್ತಿದ್ದರು, ಬಾಲ್ ಪೈಥಾನ್‌ಗಳಲ್ಲಿ ಇದರ ವಿವರ ಮೊದಲು ಬಂದದ್ದು 2014ರಲ್ಲಿ. ಲಕ್ಷಣ ತೋರದೆಯೂ ಹಾವು ಇದನ್ನು ಹೊತ್ತಿರಬಲ್ಲದು. ಆದ್ದರಿಂದ ಸರೀಸೃಪ ಬಲ್ಲ ಪಶುವೈದ್ಯರ ಬಳಿ ಬಾಯಿಯ ಲೋಳೆಯನ್ನು ಒರೆಸಿ ತೆಗೆದು ವೈರಸ್ ಪತ್ತೆಮಾಡುವ ಪಿಸಿಆರ್ ಪರೀಕ್ಷೆ ಮಾಡಿಸಿ, ಅವಧಿಯ ಕೊನೆಗೆ ಇನ್ನೊಮ್ಮೆ ಮಾಡಿಸಿ.

ಮೊದಲ ವಾರ ಮುಟ್ಟಬೇಡಿ, ಆಹಾರವೂ ಬೇಡ, ನೀರು ಮಾತ್ರ. ಆಮೇಲೆ ಹೆಪ್ಪುಗಟ್ಟಿಸಿದ ಇಲಿಯನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಕರಗಿಸಿ, ಬಿಸಿನೀರಿನಲ್ಲಿ ಮೈ ಬೆಚ್ಚಗಾಗಿಸಿ, ಉದ್ದನೆಯ ಇಕ್ಕಳದಲ್ಲಿ ಕೊಡಿ. ಮೈಕ್ರೋವೇವ್ ಮಾಡಿದರೆ ಒಳಗೆ ಬೆಂದು ಸಿಡಿಯುತ್ತದೆ. ಮರಿಗೆ ಅದರ ತೂಕದ 10ರಿಂದ 15 ಶೇಕಡಾ ಸಾಕು. ಬೆಳೆದ ಬರ್ಮೀಸ್‌ಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಟ್ಟರೂ ಆಯಿತು, ಹೆಚ್ಚಿಗೆ ತಿನ್ನಿಸಿ ಕೊಬ್ಬಿಸುವವರೇ ಬಹಳ. ಉಂಡ ಮೇಲೆ 48 ಗಂಟೆ ಎತ್ತಬೇಡಿ, ಕಕ್ಕಿಬಿಡುತ್ತದೆ. ಕಕ್ಕಿದರೆ ಮೊದಲು ಬಿಸಿ ತುದಿ ಎಷ್ಟು ಡಿಗ್ರಿ ಇದೆ ನೋಡಿ, ಎರಡು ವಾರ ಬಿಟ್ಟು ಮೊದಲಿನ ಅರ್ಧ ಗಾತ್ರದ್ದನ್ನು ಕೊಡಿ.

ಈ ಗೂಡಿನ ಬಾಗಿಲು ಮುಂದಿರುವುದರಿಂದ ಮೇಲಿನಿಂದ ಬರುವ ಕೈಗೆ ಹಾವು ಬೆಚ್ಚುವ ತೊಂದರೆ ಇಲ್ಲ. ಆದರೂ ತೆರೆದೊಡನೆ ಕೊಕ್ಕೆಯಿಂದ ಮೈಯನ್ನು ಮೆಲ್ಲಗೆ ತಟ್ಟಿ, ಇದು ಊಟದ ಹೊತ್ತಲ್ಲ ಎಂದು ತಿಳಿಸಬೇಕು. ದಿನವೂ ಹಾಗೆ ಮಾಡಿದರೆ ಹಾವು ಕಲಿಯುತ್ತದೆ. ಇಲಿಯ ವಾಸನೆಯಿರುವ ಕೈ ಒಳಗೆ ಹೋಗಬಾರದು. ಎರಡೂವರೆ ಮೀಟರ್ ಮೀರಿದ ಹಾವಿನ ಗೂಡನ್ನು ಒಬ್ಬರೇ ಇದ್ದಾಗ ತೆರೆಯುವಂತಿಲ್ಲ, ನೀರು ಬದಲಾಯಿಸಲೂ ಸಹ. ಸುತ್ತಿಕೊಂಡರೆ ಬಾಲದ ಕಡೆಯಿಂದ ಬಿಡಿಸಬೇಕು. ಎರಡನೆಯವರಿಗೂ ಇದು ಗೊತ್ತಿರಬೇಕು.

ಕಾಗದಪತ್ರ: ಎಲ್ಲ ಹೆಬ್ಬಾವುಗಳೂ ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಭಾರತೀಯ ಹೆಬ್ಬಾವು ಮಾತ್ರ ಇನ್ನೂ ಕಟ್ಟುನಿಟ್ಟಾದ ಮೊದಲನೆಯದರಲ್ಲಿ. ಮೇಲಾಗಿ ಪ್ರತಿ ದೇಶಕ್ಕೂ ತನ್ನದೇ ಕಾನೂನಿದೆ. ಅನುಮತಿ ಕೈಗೆ ಬರುವ ಮೊದಲು ಗೂಡಿಗೆ ಮುಂಗಡ ಕೊಡಬೇಡಿ. ಸಾಕಲಾಗದಿದ್ದರೆ ಹೊರಗೆ ಬಿಡುವುದಂತೂ ಅಪರಾಧವೇ ಸರಿ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗುನಾಡಿನಲ್ಲಿ ಹಬ್ಬಿರುವ ಬರ್ಮೀಸ್ ಹೆಬ್ಬಾವುಗಳು ಸಾಕುಹಾವುಗಳ ಸಂತತಿ.

ಆರ್ಡರ್ ಮಾಡುವವರು ಇನ್ನೆರಡು ಅಳತೆ ತೆಗೆದುಕೊಳ್ಳಿ. ಜೋಡಿಸಿದ ಗೂಡಿನ ಅಗಲ 91 ಸೆಂ.ಮೀ., ಎತ್ತರ 61. ಬಾಗಿಲಿಂದ ಒಳಗೆ ತರಬೇಕೆಂದರೆ ಎಂಟಡಿ ಉದ್ದವನ್ನು ತಿರುಗಿಸಲು ಜಾಗ ಬೇಕು, ಹಾಗಾಗಿ ಇಡುವ ಕೋಣೆಯಲ್ಲೇ ಜೋಡಿಸಿ. ಒಂದರ ಮೇಲೊಂದು ಪೇರಿಸಬಹುದೆಂದು ಚಿತ್ರದಲ್ಲಿ ತೋರಿಸಿರುತ್ತಾರೆ. ಹಾವು, ತುಂಬಿದ ನೀರಿನ ತೊಟ್ಟಿ, ಒದ್ದೆ ಹಾಸು ಎಲ್ಲ ಸೇರಿದ ಭಾರವನ್ನು 12 ಮಿ.ಮೀ. ಚಾವಣಿ ಹೊರುವುದಿಲ್ಲ. ಪೇರಿಸುವುದಾದರೆ ಕಬ್ಬಿಣದ ಚೌಕಟ್ಟು ಮಾಡಿಸಿ, ಪ್ರತಿ ಗೂಡಿನ ಭಾರವೂ ಚೌಕಟ್ಟಿನ ಮೇಲೇ ಬೀಳುವಂತೆ ಕೂರಿಸಿ. ಬಿಡಿ ಗಾಜು ಸಿಗುತ್ತದೆಯೇ ಎಂದು ಕಿಟ್ ಕೊಳ್ಳುವಾಗಲೇ ಕೇಳಿ, ಸಿಗದ ಕಂಪನಿಯಾದರೆ ಬೇರೆಯದನ್ನು ನೋಡಿ.