ಜಗತ್ತಿನ ಕೃಷಿ ಕಲಿಸಲು ಐದು ದಿನದ ತರಬೇತಿ: ₹3,000ಕ್ಕೆ ಸಿಕ್ಕಿದ್ದು, ಸಿಗದಿದ್ದು

ಮೊದಲೇ ಹೇಳಿಬಿಡುತ್ತೇನೆ. ಈ ತರಬೇತಿಗೆ ನನ್ನ ಅಂಕ ಐದಕ್ಕೆ ಮೂರೂವರೆ. ಮೂರನೇ ಮತ್ತು ನಾಲ್ಕನೇ ದಿನವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಐದಕ್ಕೆ ಐದೂ ಕೊಡುತ್ತಿದ್ದೆ. ಆದರೆ ದುಡ್ಡು ಐದೂ ದಿನಕ್ಕೆ ಕಟ್ಟಿದ್ದೇನಲ್ಲ!

ನಾನು ಇಂಡಿ ತಾಲ್ಲೂಕಿನವಳು. ಬಿಎಸ್ಸಿ ಅಗ್ರಿ ಮುಗಿಸಿ ಎರಡು ವರ್ಷವಾಯಿತು. ಮನೆಯಲ್ಲಿ ಲಿಂಬೆ ತೋಟ ಇದೆ, ನಾಲ್ಕು ಎಕರೆ ತೊಗರಿ ಇದೆ. ನನ್ನ ಜೊತೆ ಓದಿದವರೆಲ್ಲ ಬ್ಯಾಂಕ್ ಪರೀಕ್ಷೆ, ಇಲಾಖೆ ಪರೀಕ್ಷೆ ಅಂತ ಓದುತ್ತಾ ಕೂತಿದ್ದಾರೆ. ನನಗೆ ಮಾತ್ರ ಶಾಲೆಯಲ್ಲಿ ಕೃಷಿ ಕಲಿಸುವ ಹುಚ್ಚು. ಜೂನ್‌ನಿಂದ ಒಂದು ವಸತಿ ಶಾಲೆಯಲ್ಲಿ ಎಂಟು, ಒಂಬತ್ತನೇ ತರಗತಿಗೆ ವಾರಕ್ಕೆ ನಾಲ್ಕು ಪಿರಿಯಡ್ ಒಪ್ಪಿಕೊಂಡಿದ್ದೇನೆ. ಅವರು ಕೊಟ್ಟ ಪಟ್ಟಿಯಲ್ಲಿ 'ಜಗತ್ತಿನ ಆಹಾರ ಮತ್ತು ಬೇಸಾಯ' ಅಂತ ಒಂದು ಪಾಠ. ಮಣ್ಣು, ಗೊಬ್ಬರ, ಕೀಟ ಏನು ಕೇಳಿದರೂ ಹೇಳಬಲ್ಲೆ. ಇದನ್ನು ಮಾತ್ರ ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯಲಿಲ್ಲ. ಅಷ್ಟರಲ್ಲಿ ಈ ತರಬೇತಿಯ ಪೋಸ್ಟರ್ ವಾಟ್ಸ್ಯಾಪಿಗೆ ಬಂತು. 'ಮುಂದಿನ ಕೃಷಿ ಶಿಕ್ಷಕರಿಗೆ ಜಾಗತಿಕ ದೃಷ್ಟಿ', ವಿಜಯಪುರದಲ್ಲಿ ಐದು ದಿನ, ಮಧ್ಯಾಹ್ನದ ಊಟ ಸೇರಿ ₹3,000. ವಸತಿ ಇಲ್ಲ. ನಾನು ಚಿಗವ್ವನ ಮನೆಯಲ್ಲಿ ಉಳಿದೆ. ನಡೆಸಿದ್ದು ಒಂದು ಖಾಸಗಿ ಸಂಸ್ಥೆ. ಹೆಸರು ಬರೆಯುವುದಿಲ್ಲ.

ಮೊದಲ ದಿನದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಇಪ್ಪತ್ತೆಂಟು ಜನ ಇದ್ದೆವು. ಮಾರ್ಚ್ ತಿಂಗಳ ಬಿಸಿಲು, ಎರಡು ಫ್ಯಾನ್. ಬೆಳಿಗ್ಗೆಯಿಂದ ಸಂಜೆವರೆಗೆ ಸ್ಲೈಡುಗಳು. ಹಸಿವು ಮುಕ್ತ ಜಗತ್ತು, ವಿಶ್ವ ವ್ಯಾಪಾರ ಸಂಸ್ಥೆ, ಹವಾಮಾನ ಬದಲಾವಣೆ ಎಲ್ಲ ಬಂದವು, ಹೋದವು. ಸ್ಲೈಡಿನಲ್ಲಿದ್ದದ್ದನ್ನೇ ಸರ್ ಓದಿದರು. ಓದಲು ನಮಗೂ ಬರುತ್ತದೆ, ಅಲ್ವಾ?

ಕೈಪಿಡಿಯ ಕಥೆ ಬೇರೆ. ಇಂಗ್ಲಿಷಿನಲ್ಲಿದ್ದದ್ದನ್ನು ಯಾವುದೋ ಯಂತ್ರಕ್ಕೆ ಹಾಕಿ ಕನ್ನಡ ಮಾಡಿದ್ದಾರೆ. ಕೋಲ್ಡ್ ಸ್ಟೋರೇಜ್ ಅನ್ನುವ ಕಡೆ 'ನೆಗಡಿ ಸಂಗ್ರಹ' ಅಂತ ಇತ್ತು. ಒಂದು ಪುಟದಲ್ಲಿ ಸಕ್ಕರೆ ಕಾರ್ಖಾನೆ 'ಸಕ್ಕರೆ ಗಿಡ' ಆಗಿತ್ತು. ಮುಧೋಳದ ಕಡೆಯ ಹುಡುಗನೊಬ್ಬ ಅದನ್ನು ನೋಡಿ, "ನಮ್ಮೂರಾಗ ಈ ಗಿಡದ ಹೊಗಿಗೇ ಅರಬಿ ಕರ್ರಗ ಆಗತಾವ" ಅಂದ. ಮೊದಲ ದಿನ ಮನಸಾರೆ ನಕ್ಕಿದ್ದು ಅದೊಂದಕ್ಕೇ.

ಎರಡನೇ ದಿನ ಸಂಜೆ 7:30ಕ್ಕೆ ಅಮೆರಿಕದ ಅಯೋವಾ ರಾಜ್ಯದ ಒಬ್ಬ ಕೃಷಿ ಮೇಷ್ಟ್ರ ಜೊತೆ ವಿಡಿಯೋ ಕಾಲ್ ಇತ್ತು. ಅವರಿಗೆ ಆಗ ಬೆಳಿಗ್ಗೆ 9. ಅರ್ಧ ಹೊತ್ತು "ಕೇಳಿಸ್ತಾ ಇದೆಯಾ" ಅನ್ನುವುದರಲ್ಲೇ ಹೋಯಿತು. ಕನ್ನಡಕ್ಕೆ ಹೇಳಲು ಬೆಂಗಳೂರಿನಿಂದ ಬಂದ ಒಬ್ಬ ಹುಡುಗ. ಅವರು ಕಾರ್ನ್ ಅಂದಾಗಲೆಲ್ಲ ಇವನು ಜೋಳ ಅಂದ. "ಇವರ ರಾಜ್ಯದ ತುಂಬಾ ಜೋಳವೇ, ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಇವರದೇ." ನಮಗೆಲ್ಲ ಖುಷಿ. ಹಿಂದಿನ ಸಾಲಿನ ಅಕ್ಕ ಒಬ್ಬರು ಎದ್ದು ನಿಂತು, "ಅವರೂ ರೊಟ್ಟಿ ಬಡೀತಾರೇನ್ರಿ, ಕೇಳ್ರಿ" ಅಂದರು. ಪ್ರಶ್ನೆ ಅತ್ತ ಹೋಯಿತು. ಅಲ್ಲಿಂದ ಉತ್ತರ: ಜಾಸ್ತಿ ಎಥೆನಾಲಿಗೆ, ಹಂದಿಗೆ. ಇಡೀ ಹಾಲ್ ಗಪ್‌ಚಿಪ್. ಬಿಳಿಜೋಳವನ್ನು ಹಂದಿಗೆ ಹಾಕುತ್ತಾರೆಯೇ! ಹತ್ತು ನಿಮಿಷ ಆದಮೇಲೆ ಗೊತ್ತಾಯಿತು, ಅವರು ಹೇಳುತ್ತಿದ್ದದ್ದು ಗೋವಿನಜೋಳ. ಬೆಂಗಳೂರಿನವರ ಬಾಯಲ್ಲಿ ಅದು ಬರೀ ಜೋಳ. ನಮ್ಮ ಜೋಳದ ತೆನೆಯ ಫೋಟೋ ತೋರಿಸಿದಾಗ ಆ ಮೇಷ್ಟ್ರು ಗುರುತು ಹಿಡಿದರು. ತಮ್ಮ ದೇಶದಲ್ಲಿ ಅದೂ ಬಹುಪಾಲು ದನದ ಮೇವಿಗೆ, ಎಥೆನಾಲಿಗೆ ಹೋಗುತ್ತದೆ, ನಾನಂತೂ ಒಮ್ಮೆಯೂ ತಿಂದಿಲ್ಲ ಅಂದರು. ಅಕ್ಕ ತಮ್ಮ ಬುತ್ತಿ ಬಿಚ್ಚಿ ಕಟಕ ರೊಟ್ಟಿಯನ್ನು ಕ್ಯಾಮೆರಾ ಮುಂದೆ ಹಿಡಿದು ಮುರಿದು ತೋರಿಸಿದರು. ಆ ಸಪ್ಪಳ ಅಯೋವಾಕ್ಕೆ ಕೇಳಿಸಿತಂತೆ.

ಇದು ಗೊಂದಲ ಅಂತ ಸಂಘಟಕರು ಕ್ಷಮೆ ಕೇಳಿದರು. ನನಗೆ ಮಾತ್ರ ಅದೇ ಅವತ್ತಿನ ಪಾಠ ಅನ್ನಿಸಿತು. ಒಂದು ಬೆಳೆ ಒಬ್ಬರಿಗೆ ಊಟ, ಇನ್ನೊಬ್ಬರಿಗೆ ಮೇವು, ಮತ್ತೊಬ್ಬರಿಗೆ ಗಾಡಿ ಎಣ್ಣೆ. ಎಂಟನೇ ತರಗತಿಗೆ ಇದನ್ನು ಹೀಗೇ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಆ ಮೇಷ್ಟ್ರು ಹೇಳಿದ ಇನ್ನೊಂದು ವಿಷಯ ಬರೆದಿಟ್ಟುಕೊಂಡಿದ್ದೇನೆ. ಅಲ್ಲಿ ಹೈಸ್ಕೂಲಿನಲ್ಲಿ ಕೃಷಿ ಕಲಿಸಲು 1917ರಲ್ಲೇ ಕಾನೂನು ಮಾಡಿ ಕೇಂದ್ರ ಸರ್ಕಾರ ದುಡ್ಡು ಕೊಟ್ಟಿತು. 1928ರಿಂದ ಎಫ್‌ಎಫ್‌ಎ ಅನ್ನುವ ವಿದ್ಯಾರ್ಥಿ ಸಂಘ ನಡೆಯುತ್ತಿದೆ. ತರಗತಿಯ ಪಾಠ ಒಂದು, ಸಂಘದ ಕೆಲಸ ಒಂದು. ಅದರ ಜೊತೆಗೆ ಪ್ರತಿ ಮಗುವೂ ಮನೆಯಲ್ಲೋ ಹೊಲದಲ್ಲೋ ಒಂದು ಸ್ವಂತ ಕೆಲಸ ಹಿಡಿದು ಖರ್ಚು ಆದಾಯದ ಲೆಕ್ಕ ಬರೆಯಬೇಕು. ಹಂದಿಮರಿ ಸಾಕಿದರೂ ಸರಿ, ಎರಡು ಮಡಿ ತರಕಾರಿ ಹಾಕಿದರೂ ಸರಿ. ಈ ಲೆಕ್ಕದ ಪುಸ್ತಕವನ್ನು ನಾನು ನನ್ನ ಶಾಲೆಗೆ ತಂದೇ ತರುತ್ತೇನೆ. ಆಡು, ಕೋಳಿ, ಎಮ್ಮೆ ಇಲ್ಲದ ಮನೆ ನಮ್ಮ ಕಡೆ ಎಷ್ಟಿವೆ ಹೇಳಿ.

ಮೂರನೇ ದಿನ ತಿಕೋಟಾ ಕಡೆ ಒಂದು ಮಣೂಕದ ಶೆಡ್ಡಿಗೆ ಕರೆದುಕೊಂಡು ಹೋದರು. ಮಣೂಕ ಅಂದರೆ ಒಣದ್ರಾಕ್ಷಿ. ಅವತ್ತು ಪಾಠ ಮಾಡಿದ್ದು ಬೇರೆ ಮೇಡಂ. ಸ್ಲೈಡ್ ಇಲ್ಲ, ಮೈಕ್ ಇಲ್ಲ. ಶೆಡ್ಡಿನ ಕಾಕಾ ಕೆಲಸ ನಿಲ್ಲಿಸದೇ ಮಾತಾಡಿದರು. ದ್ರಾಕ್ಷಿ ಗೊನೆಗಳನ್ನು ಕ್ರೇಟಿಗೆ ತುಂಬಿ ಟಬ್ಬಿನೊಳಗೆ ಎರಡು ಮೂರು ನಿಮಿಷ ಅದ್ದುತ್ತಿದ್ದರು. ಟಬ್ಬಿನಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪಿಂಗ್ ಆಯಿಲ್ ಕಲಸಿದ ನೀರು. ಹಾಲಿನ ಹಾಗೆ ಬೆಳ್ಳಗೆ, ಮುಟ್ಟಿದರೆ ಬೆರಳಿಗೆ ಸೋಪಿನ ಜಾರು. ಎತ್ತಿದ ಗೊನೆಗಳನ್ನು ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹೆಣ್ಣುಮಕ್ಕಳು ಹರವುತ್ತಿದ್ದರು. ಹದಿನೈದು ದಿನ ನೆರಳಲ್ಲಿ ಒಣಗಬೇಕು. ನಾಲ್ಕು ಕೆಜಿ ಹಣ್ಣಿಗೆ ಒಂದು ಕೆಜಿ ಮಣೂಕ.

"ಯಾಕ್ರಿ ಕಾಕಾ ಅದ್ದೂದು?" ಅಂದೆ.

"ಹಣ್ಣಿನ ಮ್ಯಾಲ ಮೇಣ ಇರತೈತವ್ವಾ. ಅದು ಬಿಡದ ನೀರು ಹೊರಗ ಬರೂದಿಲ್ಲ. ಸುಮ್ನ ಒಣಾಕ ಹಾಕಿದ್ರ ದಿನಾ ಭಾಳ ಹಿಡಿತೈತಿ, ಕರ್ರಗ ಆಗತೈತಿ. ಕರ್ರಗ ಆದ್ರ ರೇಟ್ ಸಿಗೂದಿಲ್ಲ."

ಆಗ ಮೇಡಂ ಒಂದು ಸುಣ್ಣದ ಕಡ್ಡಿ ತೆಗೆದುಕೊಂಡು ಶೆಡ್ಡಿನ ನೆಲದ ಮೇಲೆ ಜಗತ್ತಿನ ನಕ್ಷೆ ಬರೆದರು. ಸೊಟ್ಟಗಿತ್ತು, ಆಸ್ಟ್ರೇಲಿಯಾ ಬದನೆಕಾಯಿ ಹಾಗಿತ್ತು. ಕಾಕಾನಿಗೇ ಕೇಳುತ್ತಾ ಹೋದರು. ಬಳ್ಳಿ ಯಾವುದು? ಥಾಮ್ಸನ್. ಆ ಹೆಸರು ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಬೆಳೆಸಿ ಹಬ್ಬಿಸಿದ ವಿಲಿಯಂ ಥಾಮ್ಸನ್ ಅನ್ನುವವನದು, ಬಳ್ಳಿಯ ಮೂಲ ಟರ್ಕಿ, ಇರಾನ್ ಕಡೆಯದು. ಬೇರು ಯಾವುದು? ಡಾಗ್ರಿಡ್ಜ್. ಅದು ಅಮೆರಿಕದ ಟೆಕ್ಸಾಸಿನ ಕಾಡು ದ್ರಾಕ್ಷಿಯ ಸಂತತಿ. ಸವಳು ನೀರು, ಬರ ತಡೆದುಕೊಳ್ಳುತ್ತದೆ ಅಂತ ಅದರ ಮೇಲೆ ಕಸಿ ಕಟ್ಟುತ್ತಾರೆ. ಅದ್ದುವ ವಿದ್ಯೆ? ಮೆಡಿಟರೇನಿಯನ್ ಸಮುದ್ರದ ಸುತ್ತಲಿನವರು ಎರಡು ಸಾವಿರ ವರ್ಷದ ಹಿಂದೆಯೇ ಬೂದಿ ನೀರು, ಆಲಿವ್ ಎಣ್ಣೆಯಲ್ಲಿ ಅದ್ದುತ್ತಿದ್ದರು. ಆಸ್ಟ್ರೇಲಿಯಾದವರು ಅದನ್ನು ತಣ್ಣೀರಿನಲ್ಲೇ ಅದ್ದುವ ಹಾಗೆ ಸುಧಾರಿಸಿದರು. ಮಾಲು ಹೋಗುವುದು ಎಲ್ಲಿಗೆ? ತಾಸಗಾಂವಕ್ಕೆ, ಸಾಂಗಲಿಗೆ. ಅಲ್ಲಿ ರೇಟ್ ಕೆಡಿಸುವವರು ಯಾರು? ಕಾಕಾ ತಾವೇ ನಕ್ಷೆಯ ಮೇಲೆ ಕೋಲು ಇಟ್ಟು, "ಇಲ್ಲಿ ಎಲ್ಲೋ ಅಫ್ಘಾನಿಸ್ತಾನ ಇರಬೇಕಲ್ರಿ" ಅಂದರು.

ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಮೊದಲ ದಿನ ಇಡೀ ಕೂತು ಕೇಳಿದ 'ಜಾಗತೀಕರಣ' ಅನ್ನುವ ಮಾತು ಒಂದು ಟಬ್ಬಿನಲ್ಲಿ ಇತ್ತು ನೋಡಿ. ನಮ್ಮ ಕಡೆ ಇಂಥ ಶೆಡ್ಡುಗಳಿಗೆ ಬರವಿಲ್ಲ. ಬಸ್ಸಿನ ಬಾಡಿಗೆ ಬಿಟ್ಟರೆ ಖರ್ಚಿಲ್ಲ. ಇದೇ ಮೊದಲ ದಿನ ಆಗಬೇಕಿತ್ತು.

ನಾಲ್ಕನೇ ದಿನ ನಾವೇ ಪಾಠ ಮಾಡಬೇಕು, ತಲಾ ಹತ್ತು ನಿಮಿಷ. ಉಳಿದವರು ಮಕ್ಕಳಾಗಿ ಕೂರುವುದು. ನಾನು ತೊಗರಿ ಆಯ್ದುಕೊಂಡೆ. ಕಾರಣ ಇದೆ. 2017ರ ಶುರುವಿನಲ್ಲಿ ನಾನು ಹತ್ತನೇ ತರಗತಿ. ಬೆಂಬಲ ಬೆಲೆ ಕ್ವಿಂಟಲ್‌ಗೆ ₹5,050 ಇತ್ತು, ಆದರೆ ಮಾರುಕಟ್ಟೆಯಲ್ಲಿ ಅಷ್ಟಕ್ಕೆ ಕೇಳುವವರಿರಲಿಲ್ಲ. ಖರೀದಿ ಕೇಂದ್ರದ ಮುಂದಿನ ಟ್ರ್ಯಾಕ್ಟರ್ ಸಾಲಿನಲ್ಲಿ ಅಪ್ಪ ಎರಡು ರಾತ್ರಿ ಚೀಲದ ಮೇಲೆ ಮಲಗಿದ್ದ. ಹಾಗಾಗಿ ನನ್ನ ಪಾಠ ತಯಾರೇ ಇತ್ತು. 2016ರ ಜುಲೈನಲ್ಲಿ ನಮ್ಮ ಸರ್ಕಾರ ಆಫ್ರಿಕಾದ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು, 2020-21ರ ಹೊತ್ತಿಗೆ ವರ್ಷಕ್ಕೆ 2 ಲಕ್ಷ ಟನ್ ತೊಗರಿ ತರಿಸುವುದು ಅಂತ. ಹೊರಗಿನ ತೊಗರಿ ಬಂತು, ನಮ್ಮ ರೇಟ್ ಬಿತ್ತು. ಪಾಠ ಮುಗಿಯಿತು. ಚಪ್ಪಾಳೆಯೂ ಬಿತ್ತು.

ಮಣೂಕದ ಮೇಡಂ ಹಿಂದಿನ ಬೆಂಚಿನಲ್ಲಿದ್ದರು. ಎದ್ದು ಎರಡೇ ಪ್ರಶ್ನೆ ಕೇಳಿದರು. "ಆ ವರ್ಷ ನಮ್ಮ ದೇಶದಲ್ಲೇ ತೊಗರಿ ದಾಖಲೆ ಬೆಳೆ ಬಂದಿತ್ತಲ್ಲ, ಅದನ್ನು ಯಾಕೆ ಬಿಟ್ಟಿರಿ?" ನಾನು ತಡವರಿಸಿದೆ. "ಹೋಗಲಿ. ಮೊಜಾಂಬಿಕ್ ರೈತನ ಮಗಳು ನಿಮ್ಮ ಕ್ಲಾಸಿನಲ್ಲಿ ಕೂತಿದ್ದರೆ ಇದೇ ಪಾಠ ಇದೇ ಧಾಟಿಯಲ್ಲಿ ಮಾಡುತ್ತಿದ್ದಿರಾ?"

ಆಮೇಲೆ ಅವರೇ ಉಳಿದ ಅರ್ಧ ಕಥೆ ಹೇಳಿದರು. ಅಲ್ಲಿ ತೊಗರಿ ಬೆಳೆಯುವವರೂ ಸಣ್ಣ ಹಿಡುವಳಿಯವರೇ. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಭಾರತಕ್ಕೇ ಅಂತ ಬೆಳೆಯುತ್ತಾರೆ. 2017ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ಇದ್ದಕ್ಕಿದ್ದ ಹಾಗೆ ತೊಗರಿ ಆಮದಿಗೆ ಮಿತಿ ಹಾಕಿತು. ಆಗ ಅಲ್ಲಿ ರೇಟ್ ಕುಸಿದು ರೈತರು ಮಾಲು ಹಿಡಿದುಕೊಂಡು ಕೂತರು. ತೊಗರಿ ಮೂಲದಲ್ಲಿ ನಮ್ಮ ನೆಲದ ಬೆಳೆ, ಇಲ್ಲಿಂದಲೇ ಆಫ್ರಿಕಾಕ್ಕೆ ಹೋದದ್ದು. ಒಂದೇ ವರ್ಷದಲ್ಲಿ ಮೊದಲು ಇಲ್ಲಿ, ಆಮೇಲೆ ಅಲ್ಲಿ, ಒಂದೇ ಬೆಳೆಗೆ ಒಂದೇ ಪಾಡು. ನನಗೆ ಟ್ರ್ಯಾಕ್ಟರ್ ಸಾಲು ಒಂದೇ ಕಂಡಿತ್ತು. ಅಲ್ಲಿ ಇನ್ನೊಂದು ಸಾಲು ಇತ್ತು. ಆ ಒಂದು ಪ್ರಶ್ನೆಗೆ ₹3,000 ವಸೂಲಾಯಿತು ಅಂತ ಈಗಲೂ ಅನ್ನುತ್ತೇನೆ. ಕೃಷಿ ಕಾಲೇಜಿನ ನಾಲ್ಕು ವರ್ಷದಲ್ಲಿ ನನಗೆ ಯಾರೂ ಹೀಗೆ ಕೇಳಿರಲಿಲ್ಲ.

ಆದರೆ ಇಂಥ ಅಭ್ಯಾಸ ಒಬ್ಬರಿಗೆ ಹತ್ತೇ ನಿಮಿಷ ಯಾಕೆ? ಪಾಠ ಮಾಡುವುದು ಕಲಿಸುವ ತರಬೇತಿಯಲ್ಲಿ ಪಾಠ ಮಾಡಲು ಹತ್ತು ನಿಮಿಷ, ಕೇಳಲು ನಾಲ್ಕು ದಿನ! ತಪ್ಪು ತಿದ್ದಿಕೊಂಡು ಇನ್ನೊಮ್ಮೆ ಮಾಡುತ್ತೇನೆ ಅಂದೆ. ಟೈಮ್ ಇಲ್ಲ ಅಂದರು. ಐದನೇ ದಿನ ಮಾತ್ರ ಹಾರ, ಶಾಲು, ಭಾಷಣಕ್ಕೆ ಮೂರೂವರೆ ತಾಸು ಟೈಮ್ ಇತ್ತು.

ಬಿಟ್ಟುಹೋದ ವಿಷಯಗಳೂ ಇವೆ. ಗೋವಿನಜೋಳದ ಸುಳಿ ತಿನ್ನುವ ಸೈನಿಕ ಹುಳು ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾಕ್ಕೆ ಬಂತು, 2018ರಲ್ಲಿ ನಮ್ಮ ಶಿವಮೊಗ್ಗದಲ್ಲೇ ದೇಶದಲ್ಲಿ ಮೊದಲು ಕಂಡಿತು. ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಒಂದು ಮಾತೂ ಬರಲಿಲ್ಲ. ಇನ್ನೊಂದು, ಎಲ್ಲವೂ ಹೊರಗಿನಿಂದ ನಮಗೆ ಬಂದ ಹಾಗೇ ಹೇಳಿದರು. ನಮ್ಮಿಂದ ಹೋದದ್ದೂ ಇದೆಯಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಹುಗ್ಗಿಗೆ ಹಾಕುವ ಸದಕ, ಅದೇ ಖಪ್ಲಿ ಗೋಧಿ. ಕಾಂಡದ ತುಕ್ಕು ರೋಗ ತಡೆಯುವ ಗುಣಕ್ಕಾಗಿ ಅಮೆರಿಕದ ಗೋಧಿ ವಿಜ್ಞಾನಿಗಳು ಖಪ್ಲಿಯನ್ನು ತಮ್ಮ ತಳಿಗಳಿಗೆ ಬಳಸಿಕೊಂಡಿದ್ದಾರೆ. ನಾನು ಹೇಳಿದಾಗ ಸ್ಲೈಡಿನ ಸರ್ "ಹೌದಾ, ಒಳ್ಳೇದು" ಅಂದು ಮುಂದಿನ ಸ್ಲೈಡಿಗೆ ಹೋದರು.

ಊಟಕ್ಕೆ ಪೂರ್ತಿ ಅಂಕ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಕೇಳಿದಷ್ಟು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಸೊನ್ನೆ. ಬೀಗದ ಕೈ ಒಬ್ಬನ ಹತ್ತಿರ, ಅವನು ಯಾವಾಗಲೂ ಚಹಾ ಅಂಗಡಿಯಲ್ಲಿ. ಪ್ರಮಾಣಪತ್ರದಲ್ಲಿ ನನ್ನ ಹೆಸರು ತಪ್ಪಾಗಿದೆ. ತಿದ್ದಿ ಕಳಿಸುತ್ತೇವೆ ಅಂದವರು ಎರಡು ತಿಂಗಳಾದರೂ ಕಳಿಸಿಲ್ಲ.

ಮುಂದಿನ ಬ್ಯಾಚ್ ದೀಪಾವಳಿ ಆದಮೇಲೆ ಇದೆಯಂತೆ. ಹೋಗುವವರು ಮೊದಲು ಫೋನ್ ಮಾಡಿ ಆ ಮೇಡಂ ಬರುತ್ತಾರಾ ಕೇಳಿ. ಬರುತ್ತಾರೆ ಅಂದರೆ ಕಣ್ಣು ಮುಚ್ಚಿಕೊಂಡು ದುಡ್ಡು ಕಟ್ಟಿ. ದ್ರಾಕ್ಷಿ ಹಂಗಾಮು ಅಲ್ಲದಿದ್ದರೆ ಯಾವ ಹೊಲಕ್ಕೆ ಕರೆದುಕೊಂಡು ಹೋಗುತ್ತೀರಿ ಅಂತಲೂ ಕೇಳಿ. ನೀರಿನ ಬಾಟಲಿ ನೀವೇ ಒಯ್ಯಿರಿ.

ಊರಿಗೆ ಬಂದ ರಾತ್ರಿ ಅಪ್ಪನಿಗೆ ಮೊಜಾಂಬಿಕ್ ಕಥೆ ಹೇಳಿದೆ. ಎಲೆ ಅಡಿಕೆ ಹಾಕಿಕೊಳ್ಳುತ್ತಾ ಸುಮ್ಮನೆ ಕೇಳಿದ. ಸ್ವಲ್ಪ ಹೊತ್ತಾದ ಮೇಲೆ, "ಅಲ್ಲಿ ಅವರಿಗೆ ಕ್ವಿಂಟಲ್ ಎಷ್ಟಕ್ಕ ಕೇಳಿದ್ರಂತ?" ಅಂದ. ಮೇಡಂ ನಂಬರ್ ನನ್ನ ಹತ್ತಿರ ಇರಲಿಲ್ಲ. ತರಬೇತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದೆ. ಸ್ಲೈಡಿನ ಸರ್ ನೋಡಿದ್ದಾರೆ, ಕೈ ಮುಗಿಯುವ ಚಿತ್ರ ಹಾಕಿದ್ದಾರೆ. ಅಪ್ಪ ಆಗಾಗ, "ಏನಾತು, ಹೇಳಿದ್ರೇನು?" ಅಂತ ಕೇಳುತ್ತಲೇ ಇದ್ದಾನೆ.